ಆರು ಪೈಪಿಗೆ ಒಂದೇ ಗೆರೆ ಎಳೆಯಬೇಡಿ

ಕಾರಟಗಿಯ ಒಂದು ರೈಸ್ ಮಿಲ್‌ನಿಂದ ಬೆಳಿಗ್ಗೆ ಫೋನ್ ಬಂತು. ನನ್ನ ಹತ್ತಿರ ಕೆಲಸ ಕಲಿತು ಈಗ ಸ್ವಂತ ಕಾಂಟ್ರಾಕ್ಟ್ ಹಿಡಿಯುವ ಹುಡುಗ.

"ಸರ, ಪೈಪ್ ಎಲ್ಲಾ ಒಂದೇ ಅಳತಿಗೆ ಬೆಂಡ್ ಮಾಡೀನ್ರಿ. ಗೋಡಿಗೆ ಹಿಡಿದ್ರ ಏರೋ ಕಡೆ ಗ್ಯಾಪ್ ಸಣ್ಣದಾಗಾಕತ್ತೈತಿ. ಬೆಂಡರ್ ಹಾಳಾಗೈತೇನ್ರಿ?"

ಪೈಪು ಬಗ್ಗಿಸುವ ಬೆಂಡರ್ ಹಾಳಾಗಿರಲಿಲ್ಲ. ಅದು ಯಾವತ್ತೂ ಹಾಳಾಗಿರುವುದಿಲ್ಲ. ಈ ಫೋನ್ ನನಗೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಊರು ಬೇರೆ, ಮಿಲ್ ಬೇರೆ, ಮಾತು ಮಾತ್ರ ಅದೇ. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಿಲ್‌ಗಳಲ್ಲಿ ವೈರಿಂಗ್ ಪೈಪು ಗೋಡೆಯೊಳಗೆ ಅಡಗಿರುವುದಿಲ್ಲ. ಪ್ಯಾನೆಲ್ ರೂಮಿನಿಂದ ಹೊರಟು ಎಲಿವೇಟರ್, ಪಾಲಿಶರ್, ಬ್ಲೋವರ್ ಮೋಟರ್‌ಗಳ ತನಕ ಗೋಡೆ ಮೇಲೇ ಸಾಲಾಗಿ ಹೋಗುತ್ತದೆ. ಐದೋ ಆರೋ ಜಿಐ ಪೈಪು, ಒಂದರ ಕೆಳಗೆ ಒಂದು. ಸಾಲು ನೆಟ್ಟಗಿದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಒಂದು ಕಡೆ ಗ್ಯಾಪ್ ಕೂಡಿಕೊಂಡರೆ ಬಂದವರೆಲ್ಲ ಅದನ್ನೇ ನೋಡುತ್ತಾರೆ. ಸಾಹುಕಾರರಂತೂ ಬಿಲ್ ಕೊಡುವ ದಿನ ನೋಡುತ್ತಾರೆ.

ಬೆಂಡರ್ ಹಿಡಿಯುವುದು ಹೇಗೆ, ಗುರುತು ಎಲ್ಲಿಗೆ ಕೂರಿಸಬೇಕು, ಎರಡು ಬೆಂಡಿನ ನಡುವಿನ ಅಂತರಕ್ಕೆ 30 ಡಿಗ್ರಿಯಾದರೆ ಎತ್ತರವನ್ನು 2ರಿಂದ, 45 ಆದರೆ 1.4ರಿಂದ ಗುಣಿಸಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳಲ್ಲ. ಆರು ತಿಂಗಳು ಕೆಲಸ ಮಾಡಿದ ಹೆಲ್ಪರ್‌ಗೂ ಅದು ಗೊತ್ತು. ಎಡವುವುದು ಬೇರೆ ಕಡೆ.

ಹುಡುಗರು ಏನು ಮಾಡುತ್ತಾರೆ ಅಂದರೆ, ಆರೂ ಪೈಪನ್ನು ನೆಲದ ಮೇಲೆ ಒತ್ತಾಗಿ ಮಲಗಿಸುತ್ತಾರೆ. ತುದಿಗಳನ್ನು ಗೋಡೆಗೆ ತಾಗಿಸಿ ಸಮ ಮಾಡುತ್ತಾರೆ. ಗುನ್ಯಾ (ಮೂಲೆಮಟ್ಟ) ಇಟ್ಟು ಆರರ ಮೇಲೂ ಒಂದೇ ಗೆರೆ ಎಳೆಯುತ್ತಾರೆ. ನೋಡುವುದಕ್ಕೆ ಎಷ್ಟು ಅಚ್ಚುಕಟ್ಟು! ಆಮೇಲೆ ಆ ಗೆರೆಗೇ ಎಲ್ಲ ಪೈಪನ್ನೂ ಬಗ್ಗಿಸುತ್ತಾರೆ. ಆರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಬರುತ್ತವೆ. ಗೋಡೆಗೆ ಹಿಡಿದರೆ ನೇರ ಓಡುವ ಕಡೆ ಪೈಪಿನಿಂದ ಪೈಪಿಗೆ 60 ಮಿ.ಮೀ., 30 ಡಿಗ್ರಿ ಓರೆಯಾಗಿ ಏರುವ ಕಡೆ 52.

ನಾನು ಹೇಳುವ 60 ಅಂದರೆ ಒಂದು ಪೈಪಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ, ಅಂದರೆ ಸೆಂಟರ್ ಅಳತೆ. ನಡುವಿನ ಖಾಲಿ ಜಾಗ ಅಲ್ಲ. 25 ಮಿ.ಮೀ. ದಪ್ಪದ ಪೈಪಿನಲ್ಲಿ ಆ ಖಾಲಿ ಜಾಗ 35 ಮಿ.ಮೀ. ಅಷ್ಟೇ. ಲೆಕ್ಕಕ್ಕೆ 35 ಹಾಕಿ ಕೆಲಸ ಕೆಡಿಸಿಕೊಂಡವರೂ ಇದ್ದಾರೆ.

ಕಾರಟಗಿಯ ಹುಡುಗ ನನ್ನ ಮಾತು ಒಪ್ಪಲಿಲ್ಲ. ಓರೆ ಭಾಗದಲ್ಲಿ ಟೇಪ್ ಹಿಡಿದು ಫೋಟೊ ತೆಗೆದು ಕಳಿಸಿದ. ಟೇಪಿನಲ್ಲಿ ಸರಿಯಾಗಿ 60 ಇತ್ತು. ಸುಳ್ಳಲ್ಲ. ಆದರೆ ಟೇಪನ್ನು ತೂಕಗುಂಡು ಬಿಟ್ಟ ಹಾಗೆ ಮೇಲಿಂದ ಕೆಳಗೆ ನೆಟ್ಟಗೆ ಹಿಡಿದಿದ್ದ. ಪೈಪು ಓರೆಯಾದ ಮೇಲೆ ಟೇಪೂ ಓರೆಯಾಗಬೇಕಲ್ವಾ? ಪೈಪಿಗೆ ಗುನ್ಯಾ ಹಿಡಿದು ಅಡ್ಡಕ್ಕೆ ಅಳೆದರೆ 52. ಕಣ್ಣು ನೋಡುವುದು ಆ 52ನ್ನು. ಪೈಪನ್ನು ಗೋಡೆಗೆ ಹಿಡಿದಿಡುವ ಸ್ಯಾಡಲ್ ಕೂರಬೇಕಾದದ್ದೂ ಆ 52ರಲ್ಲೇ.

ಮಧ್ಯಾಹ್ನ ನಾನೇ ಹೋದೆ. ಹುಡುಗನಿಗೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸುತ್ತಿದ್ದೆ. ಅವನು ತಲೆ ಆಡಿಸುತ್ತಿದ್ದ, ಅರ್ಥ ಆಗಿರಲಿಲ್ಲ. ಮಿಲ್‌ನ ವಾಚ್‌ಮನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಯಲಬುರ್ಗಾ ಕಡೆಯ ಹಿರಿಯರು, ಎರೆ ಹೊಲದಲ್ಲಿ ಜೋಳ ಬಿತ್ತಿ ಬಂದವರು. ಗೋಡೆ ನೋಡಿ ಅಂದರು:

"ಅಲ್ಲೋ ತಮ್ಮಾ, ಎತ್ತು ತಿರುಗ್ಯಾವು, ಕೂರಿಗಿ ತಿರುಗಿಲ್ಲ. ಸಾಲು ಕೂಡಲಾರ್ದ ಏನು ಮಾಡ್ತಾವು?"

ನಾನು ಸೀಮೆಸುಣ್ಣ ಕೆಳಗಿಟ್ಟೆ.

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಕೂರಿಗೆ ಅಂದರೆ ಎತ್ತು ಎಳೆಯುವ, ಸಾಲಾಗಿ ಬೀಜ ಬಿತ್ತುವ ಸಾಧನ. ಮೂರು ಸಾಲು ಬಿತ್ತುವ ಮೂರು ತಾಳಿನ ಕೂರಿಗೆ ಎತ್ತಿನ ಹಿಂದೆ ಅಡ್ಡಕ್ಕೆ ಸರಿಯಾಗಿ ನಿಂತಿದ್ದರೆ ಸಾಲಿನಿಂದ ಸಾಲಿಗೆ ಅಳತೆ ಇರುತ್ತದೆ. ಎತ್ತು ಓರೆಗೆ ಹೋಗಿ ಕೂರಿಗೆ ಮಾತ್ರ ಹಳೇ ದಿಕ್ಕಿಗೇ ನಿಂತರೆ ಸಾಲುಗಳು ಹತ್ತಿರ ಹತ್ತಿರ ಬೀಳುತ್ತವೆ. ಆರು ಪೈಪಿನ ಮೇಲೆ ಗುನ್ಯಾ ಇಟ್ಟು ಎಳೆದ ಆ ಒಂದು ಗೆರೆಯೇ ತಿರುಗದ ಕೂರಿಗೆ. ಪೈಪು ತಿರುಗಿತು, ಗೆರೆ ತಿರುಗಲಿಲ್ಲ.

ಹಾಗಾದರೆ ಗೆರೆ ಎಷ್ಟು ತಿರುಗಬೇಕು? ಬೆಂಡಿನ ಅರ್ಧ. ಬಡಿಗೇರರು ಫೋಟೊ ಫ್ರೇಮಿನ ಮೂಲೆ ಕೂಡಿಸುವುದನ್ನು ನೋಡಿರುತ್ತೀರಿ. ಪಟ್ಟಿ ತಿರುಗುವುದು 90, ಕತ್ತರಿಸುವುದು 45ಕ್ಕೆ. ಇಲ್ಲೂ ಅದೇ. 30 ಡಿಗ್ರಿ ಬೆಂಡಿಗೆ ಗೆರೆ 15 ಡಿಗ್ರಿ ಓರೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ 15 ಒತ್ತಿದರೆ 0.268 ಬರುತ್ತದೆ. ಅದನ್ನು 60ರಿಂದ ಗುಣಿಸಿ, 16. ಅಂದರೆ ಪ್ರತಿ ಪೈಪಿನ ಗುರುತು ಪಕ್ಕದ ಪೈಪಿನ ಗುರುತಿಗಿಂತ 16 ಮಿ.ಮೀ. ಸರಿಯಬೇಕು. 45 ಡಿಗ್ರಿಗೆ 25. ಇಪ್ಪತ್ತೆರಡೂವರೆಗೆ 12. 60 ಡಿಗ್ರಿಗೆ 35, ಆದರೆ ಇಂಥ ಸಾಲಿನಲ್ಲಿ 60 ಡಿಗ್ರಿ ಬೆಂಡ್ ನಾನು ಹಾಕಲ್ಲ, ವೈರ್ ಎಳೆಯುವವನ ಶಾಪ ತಟ್ಟುತ್ತದೆ. ಸೆಂಟರ್ ಅಳತೆ 60 ಅಲ್ಲದಿದ್ದರೆ ನೆನಪಿಡಬೇಕಾದದ್ದು 30ಕ್ಕೆ 0.27, 45ಕ್ಕೆ 0.41. ನನ್ನ ಬೆಂಡರ್ ಹಿಡಿಕೆ ಮೇಲೆ ಇವೆರಡನ್ನೂ ಕೆಂಪು ಪೇಂಟಲ್ಲಿ ಬರೆದಿದ್ದೇನೆ. ಬೆವರಿಗೆ ಅಳಿಸಿ ಹೋಗುತ್ತದೆ, ದೀಪಾವಳಿಗೆ ಮತ್ತೆ ಬರೆಯುತ್ತೇನೆ.

ಈಗ ಮುಖ್ಯ ಮಾತು. ಯಾವ ಕಡೆಗೆ ಸರಿಸುವುದು?

ಮೇಲಕ್ಕೆ ಏರುವುದಾದರೆ ಎಲ್ಲಕ್ಕಿಂತ ಮೇಲಿನ ಪೈಪು ಮೊದಲು ತಿರುಗಬೇಕು. ಅದರ ಕೆಳಗಿನದು 16 ಮಿ.ಮೀ. ಮುಂದೆ ಹೋಗಿ ತಿರುಗಬೇಕು. ಅದರ ಕೆಳಗಿನದು 32 ಮುಂದೆ. ಆರನೆಯದು 80 ಮುಂದೆ. ಕೆಳಕ್ಕೆ ಇಳಿಯುವುದಾದರೆ ಉಲ್ಟಾ, ಕೆಳಗಿನದು ಮೊದಲು.

ಇದನ್ನು ತಿರುಗುಮುರುಗು ಮಾಡಿದರೆ ಏನಾಗುತ್ತದೆ ಅಂತ ರಾಯಚೂರಿನ ಒಂದು ಜಿನ್ನಿಂಗ್ ಮಿಲ್‌ನಲ್ಲಿ ನೋಡಿದ್ದೇನೆ. ಅಲ್ಲಿದ್ದ ವೈರ್‌ಮನ್‌ಗೆ ಸರಿಸಬೇಕು ಅನ್ನುವುದು ಗೊತ್ತಿತ್ತು. 45 ಡಿಗ್ರಿಗೆ 25 ಅನ್ನುವುದೂ ಗೊತ್ತಿತ್ತು. ಸರಿಸಿದ್ದು ಮಾತ್ರ ವಿರುದ್ಧ ದಿಕ್ಕಿಗೆ. 60 ಇರಬೇಕಾದ ಸೆಂಟರ್ ಓರೆ ಭಾಗದಲ್ಲಿ 25ಕ್ಕೆ ಬಂತು. ಪೈಪಿನ ದಪ್ಪವೂ 25. ನಾಲ್ಕು ಪೈಪು ಒಂದಕ್ಕೊಂದು ತಬ್ಬಿಕೊಂಡು ಏರುತ್ತಿದ್ದವು. ಸುಮ್ನೆ ಒಂದೇ ಗೆರೆ ಎಳೆದಿದ್ದರೂ 42 ಸಿಗುತ್ತಿತ್ತು. ಲೆಕ್ಕ ಕಲಿತವನ ಕೆಲಸ ಕಲಿಯದವನದಕ್ಕಿಂತ ಕೆಟ್ಟಿತ್ತು. ಅವನ ಮುಖ ನೋಡಿ ನಾನು ಬೈಯಲಿಲ್ಲ, ಚಹಾ ಕುಡಿಸಿದೆ. ಮೂವತ್ತು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ, ಚಹಾ ಕುಡಿಸುವವರು ಇರಲಿಲ್ಲ.

ಒಂದೇ ಗೆರೆ ಎಳೆಯುವ ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೊಂದು ಅಂದಾಜಿದೆ. ಗೋಡೆಯಿಂದ ಹೊರಗೆ ಚಾಚಿದ ಕಂಬ ದಾಟಿಸುವಾಗ ಆರೂ ಪೈಪು ಒಟ್ಟಿಗೆ ನಮ್ಮ ಕಡೆಗೆ ಏಳುತ್ತವೆ. ಅಲ್ಲಿ ಒಂದೇ ಗೆರೆಯೇ ಸರಿ. ಸರಿಸಿದರೆ ತಪ್ಪು! ಯಾಕಂದರೆ ಅಲ್ಲಿ ಯಾವ ಪೈಪೂ ಪಕ್ಕದ ಪೈಪಿನ ಕಡೆಗೆ ತಿರುಗುತ್ತಿಲ್ಲ. ಮಿಲ್ ಗೋಡೆಯಲ್ಲಿ ಹತ್ತು ಅಡಿಗೊಂದು ಕಂಬ. ಹುಡುಗರು ಮೊದಲು ಕಲಿಯುವುದು ಅದನ್ನೇ. ಒಂದೇ ಗೆರೆ ಹತ್ತು ಸಲ ಸರಿಯಾಗಿ ಕೂತಿರುತ್ತದೆ. ಹನ್ನೊಂದನೇ ಸಲ ಬಾಗಿಲ ಚೌಕಟ್ಟು ಅಡ್ಡ ಬಂದು ಪೈಪು ಗೋಡೆಯ ಮೇಲೇ ಏರಬೇಕಾದಾಗ ಅದೇ ಗೆರೆ ಎಳೆಯುತ್ತಾರೆ. ಪಕ್ಕದ ಪೈಪಿನ ಕಡೆಗೆ ತಿರುಗುತ್ತಿದೆಯೋ ಇಲ್ಲವೋ, ಬೆಂಡರ್ ಮುಟ್ಟುವ ಮೊದಲು ಇದನ್ನು ಕೇಳಿಕೊಳ್ಳಿ.

ಕಾರಟಗಿಯಲ್ಲಿ ಸಾಹುಕಾರರಿಗೆ ಅಷ್ಟೊತ್ತಿಗೆ ಸಿಟ್ಟು ಬಂದಿತ್ತು. "ಆರೂ ಪೈಪ್ ಗುಜರಿಗೆ ಹಾಕ್ರಿ, ಹೊಸಾವು ತರ್ರಿ, ಕೊಯ್ಲು ಬಂದ್ರ ಮಿಲ್ ನಿಲ್ಲಂಗಿಲ್ಲ." ನಾನು ಬೇಡ ಅಂದೆ. ಪೈಪಿನಲ್ಲಿ ತಪ್ಪೇ ಇರಲಿಲ್ಲ.

ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪೈಪು ಓರೆಯಾಗಿ ಏರಿ ಮತ್ತೆ ನೇರ ಓಡುವ ಆಫ್‌ಸೆಟ್‌ನಲ್ಲಿ ಎರಡು ಬೆಂಡ್ ಇರುತ್ತವಲ್ಲ, ಅವೆರಡರ ನಡುವಿನ ಅಂತರ ಆರೂ ಪೈಪಿನಲ್ಲಿ ಒಂದೇ. 300 ಮಿ.ಮೀ. ಏರಬೇಕು, 30 ಡಿಗ್ರಿ, ಹಾಗಾದರೆ 600. ಮೇಲಿನದಕ್ಕೂ 600, ಕೆಳಗಿನದಕ್ಕೂ 600. ಸರಿಯುವುದು ಗುರುತಿನ ಜೋಡಿ. ಎರಡನೇ ಬೆಂಡ್ ಬೇರೆ ದಿಕ್ಕಿಗೆ ತಿರುಗುತ್ತದಲ್ಲ, ಅಲ್ಲಿ ಉಲ್ಟಾ ಸರಿಸಬೇಕಾ ಅಂತ ಜಾಣ ಹುಡುಗರು ಕೇಳುತ್ತಾರೆ. ಬೇಡ. 600 ಬಿಡದೆ ಹಿಡಿದುಕೊಂಡರೆ ಎರಡನೆಯದು ತಾನಾಗಿಯೇ ಕೂರುತ್ತದೆ.

ಅಂದ ಮೇಲೆ ಒಂದೇ ಗೆರೆಗೆ ಬಗ್ಗಿಸಿದ ಪೈಪುಗಳನ್ನೂ ಗೋಡೆ ಮೇಲೆ ಒಂದೊಂದಾಗಿ 16 ಮಿ.ಮೀ. ಜಾರಿಸಿದರೆ ಆಯಿತು. ಅಷ್ಟೇ ಮಾಡಿದೆವು. ಮೇಲಿನದನ್ನು ಅಲ್ಲೇ ಬಿಟ್ಟೆವು. ಎರಡನೆಯದನ್ನು 16 ಮುಂದಕ್ಕೆ, ಮೂರನೆಯದನ್ನು 32. ಆರೂ ಆಗುವಷ್ಟರಲ್ಲಿ ಎಡಗಡೆ ತುದಿಗಳು ಮೆಟ್ಟಿಲಾದವು. ಪೈಪಿಗೆ ಪೈಪು ಜೋಡಿಸುವ ಕಪ್ಲರ್ ಹಾಕುವ ಕಡೆ ಮೆಟ್ಟಿಲಿದ್ದರೆ ಒಳ್ಳೆಯದೇ, ರೆಂಚ್ ತಿರುಗಿಸಲು ಜಾಗ ಸಿಗುತ್ತದೆ. ಇನ್ನೊಂದು ತುದಿ ಬಾಕ್ಸಿಗೆ ಹೋಗಬೇಕಿತ್ತು, ಅಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ, ಒಳಗಿನ ಚೂಪನ್ನು ಫೈಲ್ ಹಾಕಿ ಉಜ್ಜಿ, ಮತ್ತೆ ಥ್ರೆಡ್ ಹೊಡೆದೆವು. ಒಂದು ಪೈಪೂ ಗುಜರಿಗೆ ಹೋಗಲಿಲ್ಲ. ಆದರೆ ಇದು ಸ್ಯಾಡಲ್ ಬಿಗಿಯುವ ಮೊದಲು, ವೈರ್ ಎಳೆಯುವ ಮೊದಲು ಮಾತ್ರ ಆಗುವ ಕೆಲಸ.

ವಾಚ್‌ಮನ್ ಮತ್ತೆ ಬಂದು ನೋಡಿದರು. "ಈಗ ಕೂರಿಗಿ ತಿರುಗೇತಿ" ಅಂದು ಗೇಟಿನ ಕಡೆ ಹೋದರು.

ಇಷ್ಟು ಮಾಡಿದ ಮೇಲೂ ಸಾಲು ಕೂರದಿದ್ದರೆ ಡಿಗ್ರಿ ನೋಡಿ. ಜಿಐ ಪೈಪು ಬಗ್ಗಿಸಿ ಬಿಟ್ಟ ತಕ್ಷಣ ಸ್ವಲ್ಪ ಹಿಂದಕ್ಕೆ ಬರುತ್ತದೆ. ಪೈಪಿನಿಂದ ಪೈಪಿಗೆ ಇದು ಬದಲಾಗಬಹುದು, ಹಾಗಾಗಿ ಇಷ್ಟೇ ಅಂತ ನಾನು ಹೇಳಲ್ಲ. ಒಂದು ತುಂಡು ಬಗ್ಗಿಸಿ ನೋಡಿಕೊಳ್ಳಿ. 600 ಮಿ.ಮೀ. ಓರೆಯಲ್ಲಿ 2 ಡಿಗ್ರಿ ವ್ಯತ್ಯಾಸ ಬಂದರೆ ಕೊನೆಯಲ್ಲಿ 21 ಮಿ.ಮೀ. ತಪ್ಪುತ್ತದೆ, ನಾವು ಕಷ್ಟಪಟ್ಟು ಸರಿಸಿದ 16ಕ್ಕಿಂತ ಅದೇ ಜಾಸ್ತಿ. ಕಣ್ಣಳತೆ ನಂಬಬೇಡಿ. ಫೋನಿನಲ್ಲಿ ಲೆವೆಲ್ ಆ್ಯಪ್ ಇರುತ್ತದೆ, ಪೈಪಿನ ಮೇಲೆ ಇಟ್ಟರೆ ಡಿಗ್ರಿ ತೋರಿಸುತ್ತದೆ. ರೀಲ್ಸ್ ನೋಡುವ ಫೋನೇ ಸಾಕು.

ಪೈಪಿನ ಸೈಜ್ ಬೇರೆ ಬೇರೆ ಇದ್ದರೆ ಸೆಂಟರ್ ಅಳತೆ ಬದಲಾಗುತ್ತದೆ. 25ರ ಪಕ್ಕ 32 ಬಂದರೆ, ಅದೇ 35ರ ಖಾಲಿ ಜಾಗಕ್ಕೆ ಸೆಂಟರ್ ಅರವತ್ತಮೂರುವರೆ. ಆಗ 30 ಡಿಗ್ರಿಗೆ 16ರ ಬದಲು 17 ಸರಿಸಿ.

90 ಡಿಗ್ರಿ ಮೂಲೆಗೆ ಈ ಲೆಕ್ಕ ತರಬೇಡಿ. ಲೆಕ್ಕ ಸುಳ್ಳಾಗಲ್ಲ, ನೇರ ಭಾಗಗಳಲ್ಲಿ 60 ಸಿಗುತ್ತದೆ. ಆದರೆ ಎಲ್ಲವನ್ನೂ ಒಂದೇ ಬೆಂಡರ್‌ನಲ್ಲಿ ಒಂದೇ ರೇಡಿಯಸ್‌ಗೆ ಬಗ್ಗಿಸಿರುತ್ತೀರಲ್ಲ, ತಿರುವಿನ ನಡುವೆ ಸೆಂಟರ್ ಅಳತೆ ಅಗಲವಾಗಿ 85ಕ್ಕೆ ಹೋಗುತ್ತದೆ. 30 ಡಿಗ್ರಿಯಲ್ಲೂ ಹೀಗೆ ಆಗುತ್ತದೆ, ಅಲ್ಲಿ 62, ಯಾರ ಕಣ್ಣಿಗೂ ಬೀಳಲ್ಲ. 90ರಲ್ಲಿ ದೂರದಿಂದಲೇ ಕಾಣುತ್ತದೆ. ಅಲ್ಲಿ ರೇಡಿಯಸ್ಸನ್ನೇ ಹೆಚ್ಚಿಸುತ್ತ ಹೋಗಬೇಕು. ಒಳಗಿನದು 150 ಆದರೆ ಮುಂದಿನದು 210, ಅದರ ಮುಂದಿನದು 270. ಒಂದೇ ಏಟಿಗೆ ಬಗ್ಗಿಸದೆ 5 ಡಿಗ್ರಿಯಂತೆ 18 ಸಲ ಸ್ವಲ್ಪ ಸ್ವಲ್ಪ ಬಗ್ಗಿಸುವುದು. 210ಕ್ಕೆ ಗುರುತಿನಿಂದ ಗುರುತಿಗೆ ಸುಮಾರು 18 ಮಿ.ಮೀ., 270ಕ್ಕೆ ಇಪ್ಪತ್ಮೂರುವರೆ. ತಾಳ್ಮೆಯ ಕೆಲಸ. ಒಂದು ಪೈಪಿಗೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಗೋಡೆ ಯಾರಿಗೂ ಕಾಣದ ಕಡೆ ಇದ್ದರೆ ನಾನೇ ಮಾಡಲ್ಲ, ಒಂದು ಬಾಕ್ಸ್ ಇಟ್ಟು ಮುಗಿಸುತ್ತೇನೆ. ವೈರ್ ಎಳೆಯಲೂ ಅದೇ ಸುಲಭ.

ಗ್ಯಾಪ್ ಎಂಟು ಮಿ.ಮೀ. ಕಮ್ಮಿ ಆದರೆ ಕರೆಂಟ್ ಹರಿಯಲ್ವಾ ಅಂತ ಸಾಹುಕಾರರು ಕೇಳಿದ್ದರು. ಹರಿಯುತ್ತದೆ. ಮೋಟರ್‌ಗೆ ಏನೂ ಗೊತ್ತಾಗಲ್ಲ. 45ರ ಓರೆಯಲ್ಲಿ ಮಾತ್ರ ಖಾಲಿ ಜಾಗ 35ರಿಂದ 17ಕ್ಕೆ ಇಳಿಯುತ್ತದೆ. ಆಗ ಸ್ಯಾಡಲ್‌ಗಳ ಕಿವಿ ಒಂದರ ಮೇಲೊಂದು ಏರುತ್ತವೆ, ಡ್ರಿಲ್ ಹೋಗಲ್ಲ, ಸಂದಿಯಲ್ಲಿ ತೌಡು ತುಂಬಿ ಗಟ್ಟಿಯಾಗಿ ಬ್ರಷ್ ಹೋಗಲ್ಲ. ಅವರಿಗೆ ಇಷ್ಟೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಚಂದ ಕಾಣ್ತಾವ ಬಿಡ್ರಿ ಈಗ" ಅಂದರು.