ಸೆಟ್‌ನಲ್ಲಿರುವ ಮಗುವಿಗೆ ಯಾರು ಹೊಣೆ: ಸಾರಾ ಪಾಲಿ ಅವರ ನಾಲ್ಕು ದಶಕಗಳ ವೃತ್ತಿಬದುಕು

ಕೆನಡಾದ 'ಟೊರಾಂಟೊ ಸ್ಟಾರ್' ಪತ್ರಿಕೆ 2005ರಲ್ಲಿ ಒಂದು ಇಮೇಲ್ ಪತ್ರವ್ಯವಹಾರವನ್ನು ಪ್ರಕಟಿಸಿತು. ಬರೆದವರು ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ನಟಿ ಸಾರಾ ಪಾಲಿ, ಉತ್ತರಿಸಿದವರು ನಿರ್ದೇಶಕ ಟೆರಿ ಗಿಲಿಯಮ್. ಎಂಟೊಂಬತ್ತು ವರ್ಷದ ಬಾಲಕಿಯಾಗಿ ನಿಮ್ಮ ಚಿತ್ರದಲ್ಲಿ ನಟಿಸುವಾಗ ನಾನು ಪಟ್ಟ ಭಯ ಇಂದಿಗೂ ನನ್ನನ್ನು ಬಿಟ್ಟಿಲ್ಲ, ಮುಂದೆ ಮಕ್ಕಳೊಡನೆ ಕೆಲಸ ಮಾಡುವಾಗ ಇದು ನಿಮ್ಮ ಗಮನದಲ್ಲಿರಲಿ ಎಂಬುದು ಪಾಲಿ ಅವರ ಪತ್ರದ ತಿರುಳು. ಗಿಲಿಯಮ್ ಸೌಜನ್ಯದಿಂದಲೇ ಉತ್ತರಿಸಿದರು. ಅವರ ನೆನಪು ಮಾತ್ರ ಬೇರೆಯಾಗಿತ್ತು: ಎಲ್ಲವೂ ಯೋಜನೆಯಂತೆ ನಡೆದಿತ್ತು, ಅಪಾಯದಂತೆ ಕಂಡದ್ದು ನಿಜವಾಗಿ ಅಪಾಯವಾಗಿರಲಿಲ್ಲ. ಬಾಲನಟಿಯೊಬ್ಬಳು ದೊಡ್ಡವಳಾಗಿ ತನ್ನ ನಿರ್ದೇಶಕನನ್ನೇ ನೇರವಾಗಿ ಹೀಗೆ ಕೇಳಿದ ಉದಾಹರಣೆಗಳು ಹೆಚ್ಚಿಲ್ಲ. ನಟಿಯಾಗಿ, ಲೇಖಕಿಯಾಗಿ, ಮುಂದೆ ನಿರ್ದೇಶಕಿಯಾಗಿ ಪಾಲಿ ಮಾಡಿದ ಕೆಲಸದ ಬಹುಪಾಲು ಈ ಪತ್ರ ಎತ್ತಿದ ಪ್ರಶ್ನೆಯ ಸುತ್ತಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಸಿನಿಮಾದಲ್ಲಿ ಮಕ್ಕಳ ರಕ್ಷಣೆ ಎಂದರೆ ಬಹುಕಾಲ ಅವರ ಹಣದ ರಕ್ಷಣೆ ಎಂದೇ ಅರ್ಥವಾಗಿತ್ತು. 1921ರ 'ದಿ ಕಿಡ್' ಚಿತ್ರದಲ್ಲಿ ಚಾಪ್ಲಿನ್ ಜೊತೆ ನಟಿಸಿ ಜಗತ್ಪ್ರಸಿದ್ಧನಾದ ಜಾಕಿ ಕೂಗನ್ ಪ್ರಾಯಕ್ಕೆ ಬರುವಷ್ಟರಲ್ಲಿ, ಆತನ ಗಳಿಕೆಯನ್ನು ತಾಯಿ ಮತ್ತು ಮಲತಂದೆ ಬಹುತೇಕ ಖರ್ಚು ಮಾಡಿ ಮುಗಿಸಿದ್ದರು. ಆತ ನ್ಯಾಯಾಲಯದ ಮೆಟ್ಟಿಲೇರಿದ, ಪರಿಣಾಮವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬಾಲಕಲಾವಿದರ ಗಳಿಕೆಯನ್ನು ಕಾಪಾಡುವ ಕಾನೂನು ತಂದಿತು. ಜೀವದ ಪ್ರಶ್ನೆ ಎದ್ದು ನಿಂತದ್ದು ಅದಾದ ನಾಲ್ಕು ದಶಕಗಳ ನಂತರ. 1982ರ ಜುಲೈನಲ್ಲಿ 'ಟ್ವಿಲೈಟ್ ಝೋನ್' ಚಿತ್ರಕ್ಕಾಗಿ ರಾತ್ರಿ ಹೊತ್ತು ಚಿತ್ರೀಕರಣ ನಡೆಯುತ್ತಿದ್ದಾಗ, ಸಿಡಿಸಿದ ಸ್ಫೋಟಕಗಳಿಂದಾಗಿ ಹೆಲಿಕಾಪ್ಟರ್ ಕೆಳಗುರುಳಿ, ನಟ ವಿಕ್ ಮಾರೊ ಅವರೊಡನೆ ಆರು ಮತ್ತು ಏಳು ವರ್ಷದ ಇಬ್ಬರು ಮಕ್ಕಳು ಸತ್ತರು. ಆ ಮಕ್ಕಳನ್ನು ನಿಯಮ ಮೀರಿ ಕೆಲಸಕ್ಕೆ ತೆಗೆದುಕೊಳ್ಳಲಾಗಿತ್ತು. ನಿರ್ದೇಶಕ ಜಾನ್ ಲ್ಯಾಂಡಿಸ್ ಮತ್ತಿತರರು 1987ರಲ್ಲಿ ಖುಲಾಸೆಯಾದರು. ಅದೇ ವರ್ಷ, ರೋಮ್‌ನ ಚಿನೆಚಿತ್ತಾ ಸ್ಟುಡಿಯೊದಲ್ಲಿ ಗಿಲಿಯಮ್ ಅವರ 'ದಿ ಅಡ್ವೆಂಚರ್ಸ್ ಆಫ್ ಬ್ಯಾರನ್ ಮುಂಚೌಸೆನ್' ಚಿತ್ರಕ್ಕಾಗಿ ಎಂಟು ವರ್ಷದ ಇನ್ನೊಬ್ಬ ಬಾಲಕಿ ಸ್ಫೋಟಗಳ ನಡುವೆ ಓಡಬೇಕಾಯಿತು.

ಸಾರಾ ಪಾಲಿ ಹುಟ್ಟಿದ್ದು 1979ರ ಜನವರಿ 8ರಂದು, ಟೊರಾಂಟೊದಲ್ಲಿ. ತಾಯಿ ಡಯಾನ್ ನಟಿಯಾಗಿದ್ದರು, ಪಾತ್ರಗಳಿಗೆ ಕಲಾವಿದರನ್ನು ಆರಿಸುವ ಕೆಲಸವನ್ನೂ ಮಾಡುತ್ತಿದ್ದರು. ತಂದೆ ಮೈಕೆಲ್ ಇಂಗ್ಲೆಂಡಿನಿಂದ ಬಂದ ನಟ, ಸಂಸಾರ ನಡೆಸಲು ವಿಮೆಯ ಕೆಲಸ ಹಿಡಿದವರು. ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಕ್ಯಾಮೆರಾ ಅಪರಿಚಿತ ವಸ್ತುವೇನೂ ಆಗಿರಲಿಲ್ಲ. 1985ರ 'ಒನ್ ಮ್ಯಾಜಿಕ್ ಕ್ರಿಸ್‌ಮಸ್' ಚಿತ್ರದಲ್ಲಿ ಪುಟ್ಟ ಹುಡುಗಿಯಾಗಿ ಕಾಣಿಸಿಕೊಂಡ ಪಾಲಿ, 1988ರಲ್ಲಿ ಬೆವರ್ಲಿ ಕ್ಲಿಯರಿ ಅವರ ಮಕ್ಕಳ ಕಥೆಗಳನ್ನು ಆಧರಿಸಿದ 'ರಮೋನಾ' ಧಾರಾವಾಹಿಯ ನಾಯಕಿಯಾದರು. ತನಗೂ ನಟಿಸುವ ಆಸೆ ಇತ್ತೆಂಬುದನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ಆದರೆ ಮಗು ಆಸೆಪಟ್ಟಿತೆಂದು ಯಾರೂ ಅದನ್ನು ಬೆಂಕಿ ಆರಿಸಲು ಕಳಿಸುವುದಿಲ್ಲ, ವೈದ್ಯವೃತ್ತಿಗೂ ಹಚ್ಚುವುದಿಲ್ಲ, ನಟನೆಯ ವಿಷಯದಲ್ಲಿ ಮಾತ್ರ ಆ ಆಸೆಯನ್ನೇ ಒಪ್ಪಿಗೆಯೆಂದು ಏಕೆ ಎಣಿಸಬೇಕು ಎಂಬ ಅರ್ಥದ ಮಾತನ್ನು ದೊಡ್ಡವರಾದ ಮೇಲೆ ಅವರು ಆಡಿದ್ದಾರೆ. ಬಾಲನಟರ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಇಷ್ಟು ನೇರವಾದ ವಾದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂಚೌಸೆನ್ ಚಿತ್ರದಲ್ಲಿ ಅವರದು ಸ್ಯಾಲಿ ಎಂಬ ಹುಡುಗಿಯ ಪಾತ್ರ. ಶತ್ರುಸೈನ್ಯದ ಮುತ್ತಿಗೆಗೆ ಸಿಕ್ಕ ಊರು, ಬೀಳುವ ಗೋಡೆಗಳು, ಎಲ್ಲೆಲ್ಲೂ ಹೊಗೆ. ತೆರೆಯ ಮೇಲೆ ಅದು ಇಂದಿಗೂ ಕಣ್ಣು ತುಂಬುವ ದೃಶ್ಯವೈಭವ. ಆದರೆ ಆ ಓಟ ಹೇಗಿತ್ತೆಂದು ಪಾಲಿ ಮತ್ತೆ ಮತ್ತೆ ಬರೆದಿದ್ದಾರೆ: ಉದ್ದನೆಯ ದಾರಿಯೊಂದರಲ್ಲಿ ಕೆಲವೇ ಅಡಿಗಳಿಗೊಂದರಂತೆ ಸ್ಫೋಟಕಗಳು ಸಿಡಿಯುತ್ತಿದ್ದವು, ಸುತ್ತ ಬೆಂಕಿ ಉರಿಯುತ್ತಿತ್ತು, ಆಕೆ ಅದರ ನಡುವೆ ಓಡಬೇಕಿತ್ತು. ಓಟ ಮುಗಿದ ಮೇಲೆ ತಂದೆಯ ತೊಡೆಯ ಮೇಲೆ ಬಿಕ್ಕಿಬಿಕ್ಕಿ ಅತ್ತು, ಇನ್ನೊಮ್ಮೆ ಇದನ್ನು ಮಾಡಿಸಬೇಡಿ ಎಂದು ಬೇಡಿಕೊಂಡರೂ ಇನ್ನೊಮ್ಮೆ ಮಾಡಬೇಕಾಯಿತು. ತಣ್ಣನೆಯ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಇರಬೇಕಾಯಿತು. ಒಮ್ಮೆ ಹತ್ತಿರದಲ್ಲೇ ಸ್ಫೋಟಕ ಸಿಡಿದು ಆಸ್ಪತ್ರೆಗೂ ಹೋಗಬೇಕಾಯಿತು.

ಈ ನೆನಪಿನಲ್ಲಿ ನನ್ನ ಗಮನವನ್ನು ಹೆಚ್ಚು ಸೆಳೆಯುವುದು ಸ್ಫೋಟಗಳಿಗಿಂತ ಮುಖ್ಯವಾಗಿ ಅಲ್ಲಿ ತಂದೆತಾಯಿಯರಿಗಿದ್ದ ಸ್ಥಾನ. ಅವರು ದೂರವೇನೂ ಇರಲಿಲ್ಲ, ಮಗುವಿನ ಜೊತೆಗೇ ಇದ್ದರು. ಮೇಲಾಗಿ ಗಿಲಿಯಮ್ ಸೇರಿದ್ದ ಮಾಂಟಿ ಪೈಥಾನ್ ಹಾಸ್ಯ ತಂಡದ ಕಟ್ಟಾ ಅಭಿಮಾನಿಗಳು. ಆರಾಧಿಸುವ ಕಲಾವಿದನ ಮುಂದೆ ನಿಂತು, ಕೋಟಿಗಟ್ಟಲೆ ಹಣ ನೀರಿನಂತೆ ಹರಿಯುತ್ತಿರುವ ಸೆಟ್‌ನಲ್ಲಿ, ನನ್ನ ಮಗಳು ಇವತ್ತು ಓಡುವುದಿಲ್ಲ ಎಂದು ಹೇಳುವುದು ಸುಲಭವಲ್ಲ. ಮಗುವಿನ ಪರವಾಗಿ ಮಾತಾಡಬೇಕಾದವರೇ ಹೀಗೆ ಮಂತ್ರಮುಗ್ಧರಾದಾಗ, ಅವರು ಹತ್ತಿರವಿದ್ದೂ ಮಗು ಒಂಟಿ. ಪಾಲಿ ಬಹಳ ಕಾಲ ತಂದೆತಾಯಿಯರ ಮೇಲೆಯೇ ಹೆಚ್ಚಿನ ಹೊಣೆ ಹೊರಿಸಿ, ಗಿಲಿಯಮ್ ಅವರನ್ನು ಪ್ರತಿಭಾವಂತರ ವಿಚಿತ್ರ ಸ್ವಭಾವದ ಹೆಸರಿನಲ್ಲಿ ಕ್ಷಮಿಸುತ್ತ ಬಂದಿದ್ದರು. 2022ರಲ್ಲಿ ಪ್ರಕಟವಾದ 'ರನ್ ಟುವರ್ಡ್ಸ್ ದಿ ಡೇಂಜರ್' ಎಂಬ ಪ್ರಬಂಧ ಸಂಕಲನದಲ್ಲಿ ಅವರು ಆ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡುತ್ತಾರೆ. ಪ್ರತಿಭೆಗೆ ಅಸ್ತವ್ಯಸ್ತತೆ, ಕ್ರೌರ್ಯ ಅನಿವಾರ್ಯ ಎಂಬ ನಂಬಿಕೆಯನ್ನು ತಾನೂ ಪೋಷಿಸಿದ್ದೆನೆಂದು ಗುರುತಿಸಿ, ಅದರಿಂದ ಹೊರಬರುತ್ತಾರೆ. ಸೆಟ್‌ನಲ್ಲಿ ಜೊತೆಗಿದ್ದ ನಟ ಎರಿಕ್ ಐಡಲ್ ಕೂಡ ಆಕೆ ಅಪಾಯದಲ್ಲಿದ್ದದ್ದು ನಿಜವೆಂದು ಬಹಿರಂಗವಾಗಿ ಒಪ್ಪಿದರು.

1990ರ ಜನವರಿಯಲ್ಲಿ ಸಿಬಿಸಿ ವಾಹಿನಿಯಲ್ಲಿ 'ರೋಡ್ ಟು ಎವನ್‌ಲೀ' ಪ್ರಸಾರ ಶುರುವಾಯಿತು. ಎಲ್. ಎಂ. ಮಾಂಟ್‌ಗೊಮರಿ ಅವರ ಕಥೆಗಳನ್ನು ಆಧರಿಸಿ ಕೆವಿನ್ ಸಲಿವನ್ ನಿರ್ಮಿಸಿದ, ಅಮೆರಿಕದಲ್ಲಿ ಡಿಸ್ನಿ ಚಾನೆಲ್ ಪ್ರಸಾರ ಮಾಡಿದ ಧಾರಾವಾಹಿ ಅದು. ತಾಯಿಯಿಲ್ಲದ ಸಾರಾ ಸ್ಟ್ಯಾನ್ಲಿ ಎಂಬ ಹುಡುಗಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಬಂಧುಗಳ ಮನೆಗೆ ಬರುವುದರಿಂದ ಕಥೆ ಆರಂಭವಾಗುತ್ತದೆ. ಆ ಪಾತ್ರ ಮನೆಮನೆಗೆ ತಲುಪತೊಡಗಿದ ಅದೇ ತಿಂಗಳು, ಪಾಲಿಗೆ ಹನ್ನೊಂದು ತುಂಬಿದ ವಾರದಲ್ಲೇ, ಡಯಾನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾಯಿ ಕಳೆದುಕೊಂಡ ಹುಡುಗಿಯ ಪಾತ್ರವನ್ನು ತಾಯಿ ಕಳೆದುಕೊಂಡ ಹುಡುಗಿಯೇ ವರ್ಷಗಟ್ಟಲೆ ನಟಿಸಿದಳು, ದೇಶ ಆಕೆಯನ್ನು ಮನೆಮಗಳೆಂದು ಮುದ್ದಿಸಿತು. ಜನಪ್ರಿಯತೆ ಎಷ್ಟು ದೊಡ್ಡದಾದರೂ ಅದು ದುಃಖಿಸಲು ಬಿಡುವು ಕೊಡುವುದಿಲ್ಲ ಎಂಬುದನ್ನು ಆ ವರ್ಷಗಳನ್ನು ಗಮನಿಸಿದವರು ಮರೆಯಬಾರದು.

ಬಂಡಾಯದ ಮೊದಲ ಸುದ್ದಿ ಬಂದದ್ದೂ ಆ ದಿನಗಳಲ್ಲೇ. ಕೊಲ್ಲಿ ಯುದ್ಧದ ಹೊತ್ತಿನಲ್ಲಿ ವಾಷಿಂಗ್ಟನ್‌ನ ಪ್ರಶಸ್ತಿ ಸಮಾರಂಭವೊಂದಕ್ಕೆ ಹನ್ನೆರಡರ ಪಾಲಿ ಶಾಂತಿಯ ಚಿಹ್ನೆ ಧರಿಸಿ ಹೋಗಿದ್ದರು. ಅದನ್ನು ತೆಗೆಯುವಂತೆ ಡಿಸ್ನಿಯ ಅಧಿಕಾರಿಗಳು ಹೇಳಿದಾಗ ಒಪ್ಪಲಿಲ್ಲ. ಮುಂದೆ ಧಾರಾವಾಹಿಯಿಂದ ದೂರವಾದರು. 1994ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸ್ಟ್ರಾಟ್‌ಫರ್ಡ್ ನಾಟಕೋತ್ಸವದಲ್ಲಿ ಲೂಯಿಸ್ ಕ್ಯಾರಲ್ ಕಥೆಯ ಆಲಿಸ್ ಆಗಿ ರಂಗವೇರಿ, ತೀವ್ರ ರಂಗಭಯಕ್ಕೆ ಸಿಕ್ಕಿ ನಡುವೆಯೇ ಹಿಂದೆ ಸರಿದರು. ಬೆನ್ನುಮೂಳೆಯ ವಕ್ರತೆಗೆ ಆಗಬೇಕಿದ್ದ ಶಸ್ತ್ರಚಿಕಿತ್ಸೆಯೇ ಆಗ ಪಾರಾಗುವ ನೆಪವಾಯಿತೆಂದು ಅವರು ಬರೆದುಕೊಂಡಿದ್ದಾರೆ. ಕೆಲಸ ನಿಲ್ಲಿಸಲು ಭಯವೊಂದೇ ಸಾಕಾದ ಕಾರಣ ಎಂದು ಹದಿನೈದರ ಆ ಹುಡುಗಿಗೆ ಅನ್ನಿಸಿರಲಿಲ್ಲ, ದೇಹ ಮುರಿಯಬೇಕಿತ್ತು. ಶಾಲೆ ಬಿಟ್ಟು ರಾಜಕೀಯ ಹೋರಾಟಕ್ಕಿಳಿದ ಪಾಲಿ, 1995ರಲ್ಲಿ ಒಂಟಾರಿಯೊದ ಮೈಕ್ ಹ್ಯಾರಿಸ್ ಸರ್ಕಾರದ ವಿರುದ್ಧ ಕ್ವೀನ್ಸ್ ಪಾರ್ಕ್‌ನಲ್ಲಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಏಟಿಗೆ ಹಲ್ಲು ಕಳೆದುಕೊಂಡರು.

ಅವರನ್ನು ನಟನೆಗೆ ಮರಳಿ ಕರೆತಂದವರು ನಿರ್ದೇಶಕ ಆಟಮ್ ಎಗೊಯಾನ್. 1994ರ 'ಎಕ್ಸಾಟಿಕಾ'ದ ನಂತರ 1997ರಲ್ಲಿ ಬಂದ 'ದಿ ಸ್ವೀಟ್ ಹಿಯರ್‌ಆಫ್ಟರ್' ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪಡೆಯಿತು. ಶಾಲಾ ಬಸ್ಸೊಂದು ಹಿಮಗಟ್ಟಿದ ಸರೋವರಕ್ಕೆ ಬಿದ್ದು ಊರಿನ ಮಕ್ಕಳು ಸತ್ತ ಕಥೆ ಅದು. ಬದುಕುಳಿದು ಗಾಲಿಕುರ್ಚಿ ಸೇರಿದ ನಿಕೋಲ್ ಪಾತ್ರ ಪಾಲಿ ಅವರದು. ಪರಿಹಾರದ ಮೊಕದ್ದಮೆ ಹೂಡಿದ ವಕೀಲ, ಮಗಳನ್ನು ಲೈಂಗಿಕವಾಗಿ ಬಳಸಿಕೊಂಡ ತಂದೆ, ಎಲ್ಲರೂ ಆಕೆಯ ಒಂದು ಸಾಕ್ಷ್ಯವನ್ನು ನೆಚ್ಚಿ ಕೂತಿರುವಾಗ, ನಿಕೋಲ್ ಶಾಂತ ದನಿಯಲ್ಲಿ, ಬಸ್ ಅತಿವೇಗದಲ್ಲಿತ್ತು ಎಂಬ ಸುಳ್ಳನ್ನು ನುಡಿದು ಇಡೀ ಮೊಕದ್ದಮೆಯನ್ನೇ ಉರುಳಿಸುತ್ತಾಳೆ. ಪಾಲಿ ಆ ದೃಶ್ಯದಲ್ಲಿ ಕಣ್ಣೀರು ಹಾಕುವುದಿಲ್ಲ, ದನಿ ಏರಿಸುವುದೂ ಇಲ್ಲ. ತನ್ನನ್ನು ಬಳಸಿಕೊಂಡವರ ಮುಂದೆ ಮೊದಲ ಬಾರಿಗೆ ತನ್ನಿಷ್ಟದಂತೆ ಮಾತಾಡುವ ಮಗುವಿನ ಮುಖ ಅದು, ಅವರ ನಟನಾ ಬದುಕಿನ ಶಿಖರವೂ ಅದೇ ಎಂದು ನಾನು ನಂಬಿದ್ದೇನೆ.

ಆ ಬಳಿಕ ಹಾಲಿವುಡ್ ಬಾಗಿಲು ತೆರೆಯಿತು. 'ಆಲ್‌ಮೋಸ್ಟ್ ಫೇಮಸ್' ಚಿತ್ರದ ಪ್ರಮುಖ ಪಾತ್ರವನ್ನು ಅವರು ಬಿಟ್ಟರು, ಅದು ಕೇಟ್ ಹಡ್ಸನ್ ಅವರ ಹೆಸರು ಬೆಳಗಿಸಿತು. 'ಮೈ ಲೈಫ್ ವಿದೌಟ್ ಮಿ' ಬಂತು, 2004ರಲ್ಲಿ 'ಡಾನ್ ಆಫ್ ದಿ ಡೆಡ್' ಬಂತು. ಅಷ್ಟರಲ್ಲಿ ಅವರ ಮನಸ್ಸು ಕ್ಯಾಮೆರಾದ ಹಿಂಬದಿಗೆ ಸರಿದಿತ್ತು. ಆಲಿಸ್ ಮನ್ರೊ ಅವರ ಕಥೆಯನ್ನು ಆಧರಿಸಿ, ಮರೆವಿನ ಕಾಯಿಲೆಗೆ ತುತ್ತಾದ ಹೆಂಡತಿ ಮತ್ತು ಆಕೆಯ ಗಂಡನ ಬಗ್ಗೆ ಇಪ್ಪತ್ತೇಳರ ಹರೆಯದಲ್ಲಿ ಅವರು ನಿರ್ದೇಶಿಸಿದ 'ಅವೇ ಫ್ರಮ್ ಹರ್' 2006ರಲ್ಲಿ ತೆರೆಕಂಡಿತು. ಜೂಲಿ ಕ್ರಿಸ್ಟಿ ಅವರ ಅಭಿನಯಕ್ಕೂ ಪಾಲಿ ಅವರ ಚಿತ್ರಕಥೆಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

2012ರ ಸಾಕ್ಷ್ಯಚಿತ್ರ 'ಸ್ಟೋರೀಸ್ ವಿ ಟೆಲ್' ಅವರದೇ ಮನೆಯ ಕಥೆ. ತನ್ನನ್ನು ಸಾಕಿ ಬೆಳೆಸಿದ ಮೈಕೆಲ್ ತನ್ನ ಜನ್ಮದಾತ ಅಲ್ಲ, ಚಿತ್ರ ನಿರ್ಮಾಪಕ ಹ್ಯಾರಿ ಗುಲ್ಕಿನ್ ಎಂಬುದು ದೊಡ್ಡವರಾದ ಮೇಲೆ ಅವರಿಗೆ ತಿಳಿದ ಸತ್ಯ. ಚಿತ್ರದಲ್ಲಿ ಮೈಕೆಲ್ ಧ್ವನಿಮುದ್ರಣ ಕೊಠಡಿಯಲ್ಲಿ ಕೂತು ಆ ಇಡೀ ಪ್ರಸಂಗದ ಬಗ್ಗೆ ತಾವೇ ಬರೆದ ಬರಹವನ್ನು ಓದುತ್ತಾರೆ. ನಡುವೆ ನಿರ್ದೇಶಕಿ ಮಗಳು ತಡೆದು, ಆ ಸಾಲನ್ನು ಇನ್ನೊಮ್ಮೆ ಓದಿ ಎನ್ನುತ್ತಾಳೆ. ಮಗಳು ಬೇಡವೆಂದು ಅಂಗಲಾಚಿದರೂ ಇನ್ನೊಂದು ಟೇಕ್‌ಗೆ ಕಳಿಸಬೇಕಾಗಿ ಬಂದಿದ್ದ ಅದೇ ತಂದೆ, ಈಗ ಅವಳ ಮಾತಿನಂತೆ ಮತ್ತೆ ಓದುತ್ತಾರೆ. ನಿರ್ದೇಶಕನ ಅಧಿಕಾರ ಎಂಥದ್ದು ಎಂಬುದನ್ನು ಪಾಲಿ ಇಲ್ಲಿ ಕತ್ತರಿಸಿ ಹಾಕದೆ ಪ್ರೇಕ್ಷಕರ ಮುಂದೆಯೇ ಇಟ್ಟಿದ್ದಾರೆ.

ಇತ್ತ ಕಾನೂನು ನಿಧಾನವಾಗಿ ಹೆಜ್ಜೆ ಹಾಕುತ್ತಿತ್ತು. ಕೆನಡಾದ ಕಲಾವಿದರ ಸಂಘಟನೆಯಾದ ಆ್ಯಕ್ಟ್ರಾದ ಒಪ್ಪಂದಗಳಲ್ಲಿ ಮಕ್ಕಳಿಗೆ ಸಂಬಂಧಿಸಿದ ನಿಯಮಗಳು ಮೊದಲೇ ಇದ್ದರೂ, ಒಂಟಾರಿಯೊ ಪ್ರಾಂತ್ಯ ಬಾಲಕಲಾವಿದರ ರಕ್ಷಣೆಗೆಂದೇ ಪ್ರತ್ಯೇಕ ಕಾಯ್ದೆ ಅಂಗೀಕರಿಸಿದ್ದು 2015ರಲ್ಲಿ. 2016ರಿಂದ ಜಾರಿಯಲ್ಲಿರುವ ಈ ಕಾಯ್ದೆ ವಯಸ್ಸಿಗೆ ತಕ್ಕಂತೆ ದುಡಿಮೆಯ ಗಂಟೆಗಳನ್ನು ಮಿತಗೊಳಿಸುತ್ತದೆ, ಪಾಠಕ್ಕೆ ಸಮಯ ಕೊಡಿಸುತ್ತದೆ, ಹದಿನಾರರ ಒಳಗಿನವರ ಜೊತೆ ಹೊಣೆಗಾರ ಹಿರಿಯರು ಇರಲೇಬೇಕೆನ್ನುತ್ತದೆ, ಗಳಿಕೆ 2,000 ಡಾಲರ್ ದಾಟಿದರೆ ಶೇ. 25ರಷ್ಟನ್ನು ಮಗುವಿನ ಹೆಸರಿನಲ್ಲಿ ಕಾದಿಡಿಸುತ್ತದೆ. ನನ್ನ ದೃಷ್ಟಿಯಲ್ಲಿ ಇದರ ಮುಖ್ಯ ಅಂಶ ಬೇರೆ: ಪಾತ್ರ ಎಂಥದ್ದು, ಅದರಲ್ಲಿ ಸಾಹಸ ಅಥವಾ ಸ್ಪೆಷಲ್ ಎಫೆಕ್ಟ್ಸ್ ಇವೆಯೆ, ಅಪಾಯಗಳೇನು, ಮುನ್ನೆಚ್ಚರಿಕೆಗಳೇನು ಎಂಬುದನ್ನು ಒಪ್ಪಂದಕ್ಕೆ ಮೊದಲೇ ಪೋಷಕರಿಗೆ ತಿಳಿಸಬೇಕು. ಆದರೂ ತಿಳಿದ ಪೋಷಕರು ಬೇಡ ಎನ್ನುವ ಧೈರ್ಯ ಮಾಡುತ್ತಾರೆಯೇ ಎಂಬ ಹಳೆಯ ಪ್ರಶ್ನೆ ಕಾಯ್ದೆಯ ಕೈಗೆ ಸಿಗುವಂಥದ್ದಲ್ಲ.

ಸೆಟ್‌ನಲ್ಲಿರುವವರ ಕ್ಷೇಮ ನೋಡಿಕೊಳ್ಳುವುದನ್ನು ಪಾಲಿ ಅವರು ನಿರ್ದೇಶಕರ ಕೆಲಸದ ಭಾಗವೆಂದು ಭಾವಿಸಿದರು. 2015ರಲ್ಲಿ ತಲೆಗೆ ಏಟು ಬಿದ್ದು ವರ್ಷಗಟ್ಟಲೆ ಬಳಲಿದ ಅವರು, ಚಿತ್ರ ನಿರ್ದೇಶನಕ್ಕೆ ಮರಳಿದ್ದು 'ವಿಮೆನ್ ಟಾಕಿಂಗ್' ಮೂಲಕ. ಬೊಲಿವಿಯಾದಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಥದವರ ವಸಾಹತುವಿನಲ್ಲಿ ಮಹಿಳೆಯರ ಮೇಲೆ ನಡೆದ ಅತ್ಯಾಚಾರಗಳ ಹಿನ್ನೆಲೆಯಲ್ಲಿ ಮಿರಿಯಮ್ ಟೇವ್ಸ್ ಬರೆದ ಕಾದಂಬರಿ ಇದಕ್ಕೆ ಮೂಲ. ಹದಿನಾಲ್ಕು, ಹದಿನಾರು ಗಂಟೆ ದುಡಿಸುವುದೇ ಸಿನಿಮಾದ ಶ್ರದ್ಧೆ ಎಂದು ನಂಬಿದ ಉದ್ಯಮದಲ್ಲಿ ಅವರು ಕೆಲಸದ ದಿನವನ್ನು ಮೊಟಕುಗೊಳಿಸಿದರು, ಮಕ್ಕಳಿರುವ ತಂತ್ರಜ್ಞರು ರಾತ್ರಿ ಮನೆ ಸೇರುವಂತಾಯಿತು. ವಸ್ತುವಿನ ಭಾರ ತಟ್ಟಿದವರಿಗೆ ಮಾತಾಡಲು ಸೆಟ್‌ನಲ್ಲೇ ಮನೋಚಿಕಿತ್ಸಕರಿದ್ದರು. ಚಿತ್ರಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ: 2023ರ ಮಾರ್ಚ್‌ನಲ್ಲಿ ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ ಆಸ್ಕರ್ ಪಾಲಿ ಅವರಿಗೆ ಬಂತು.

ನಟನೆಯಿಂದ ವರ್ಷಗಳ ಕಾಲ ದೂರವೇ ಉಳಿದಿದ್ದ ಅವರು 2025ರಲ್ಲಿ 'ದಿ ಸ್ಟುಡಿಯೊ' ಸರಣಿಯ ಕಂತೊಂದರಲ್ಲಿ ಮತ್ತೆ ಕ್ಯಾಮೆರಾದ ಮುಂದೆ ಬಂದರು. ಅದರಲ್ಲಿ ಅವರು ವಹಿಸಿದ್ದು ತಮ್ಮದೇ ಪಾತ್ರ: ಸೂರ್ಯ ಮುಳುಗುವ ಮುನ್ನ ಒಂದೇ ಟೇಕಿನ ದೀರ್ಘ ದೃಶ್ಯವನ್ನು ಮುಗಿಸಲು ಹೆಣಗುತ್ತಿರುವ ನಿರ್ದೇಶಕಿ ಸಾರಾ ಪಾಲಿ.