ಎರಡು ಕೇಳಿದರೆ ಎಂಟು ಕಟ್ಟು ಹಪ್ಪಳ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ನಮ್ಮ ಮಾಸ್ಟ್ರಿಗೆ ಬೇಕಾಗಿದ್ದದ್ದು ಎರಡು ಕಟ್ಟು ಹಲಸಿನ ಹಪ್ಪಳ. ನೀರ್ಚಾಲಿನ ಹತ್ತಿರ ಅತ್ತಿಗೆಯ ಮನೆ ಜಗಲಿಯಲ್ಲಿ ನನ್ನ ಪಕ್ಕ ಕೂತು, ತಮ್ಮದೇ ಮೊಬೈಲ್‌ನಲ್ಲಿ, ಅತ್ತಿಗೆಯ ವ್ಯಾಪಾರಕ್ಕೆಂದು ನಾನು ಮಾಡಿಕೊಟ್ಟ ವೆಬ್‌ಸೈಟ್ ತೆರೆದರು. ಎರಡು ಎಂದು ಆರಿಸಿ ‘ಬುಟ್ಟಿಗೆ ಹಾಕಿ’ ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಸ್ವಲ್ಪ ಜೋರಾಗಿ ಇನ್ನೊಮ್ಮೆ. ನಾಲ್ಕನೇ ಸಲ ಒತ್ತಿದ ಮೇಲೆ ಪುಟ ತಟ್ಟನೆ ಬದಲಾಯಿತು. ಬುಟ್ಟಿಯಲ್ಲಿ ಎಂಟು ಕಟ್ಟು ಹಪ್ಪಳ ಇತ್ತು.

“ಇದೆಲ್ಲ ನನಗೆ ಹೇಳಿದ್ದಲ್ಲ ಮಾರಾಯಾ, ನೀನೇ ಮಾಡಿಕೊಡು” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟರು.

ಆ ಮಾತು ನನಗೆ ಚುಚ್ಚಿತು. ಊರಿನ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು ಅವರು. ಅವರು ಒತ್ತಿದ್ದು ಸರಿಯಾಗಿಯೇ ಇತ್ತು. ಒತ್ತಿದ್ದು ಗೊತ್ತಾಯಿತು ಎಂದು ಹೇಳದೆ ಇದ್ದದ್ದು ಪುಟ. ಆದರೂ ಮಾಸ್ಟ್ರು ತಪ್ಪು ತಮ್ಮದೇ ಎಂದುಕೊಂಡರು. ಎಷ್ಟೋ ಜನ ಹೀಗೆಯೇ ಅಂದುಕೊಳ್ಳುತ್ತಾರೆ. ಅವರು ದೂರು ಹೇಳುವುದಿಲ್ಲ, ಸುಮ್ನೆ ಎದ್ದು ಹೋಗುತ್ತಾರೆ. ಗಿರಾಕಿ ಯಾಕೆ ಹೋದರು ಅಂತ ಅಂಗಡಿಯವರಿಗೆ ತಿಳಿಯುವುದೇ ಇಲ್ಲ.

ಮನುಷ್ಯನ ಮನಸ್ಸು ಎಷ್ಟು ಹೊತ್ತು ಕಾಯುತ್ತದೆ ಎನ್ನುವುದನ್ನು ಕಂಪ್ಯೂಟರ್ ಕಂಪೆನಿ ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲೇ ಬರೆದಿಟ್ಟಿದ್ದರು. 1993ರಲ್ಲಿ ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್ ಅದನ್ನು ಮೂರು ಅಂಕಿಗಳಲ್ಲಿ ಹೇಳಿದರು. ಒತ್ತಿದ 0.1 ಸೆಕೆಂಡಿನ ಒಳಗೆ ಪರದೆ ಬದಲಾದರೆ, ನನ್ನ ಬೆರಳೇ ಆ ಕೆಲಸ ಮಾಡಿತು ಎಂದು ಅನಿಸುತ್ತದೆ. 1 ಸೆಕೆಂಡಿನವರೆಗೆ, ತಡ ಆಯಿತು ಅಂತ ಗೊತ್ತಾದರೂ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಕಂಪ್ಯೂಟರ್ ಎಷ್ಟೋ ಪಾಲು ಚುರುಕಾಗಿದೆ, ಈ ಅಂಕಿಗಳು ಮಾತ್ರ ಬದಲಾಗಿಲ್ಲ. ಅವು ಯಂತ್ರದ ಅಳತೆಯಲ್ಲ, ನಮ್ಮ ಅಳತೆ.

ಮಾಸ್ಟ್ರ ಬಟನ್‌ಗೆ ಉತ್ತರ ಬರಲು ನಾಲ್ಕೈದು ಸೆಕೆಂಡು ಬೇಕಾಗಿತ್ತು. ಯಾಕೆಂದರೆ ಅದೇ ಹೊತ್ತಿಗೆ ಪುಟ ಹಪ್ಪಳದ ಫೋಟೊಗಳನ್ನು ಎಳೆದುಕೊಳ್ಳುತ್ತಿತ್ತು. ಅತ್ತಿಗೆ ಅಂಗಳದ ಬಿಸಿಲಲ್ಲಿ ಮೊಬೈಲ್‌ನಿಂದ ತೆಗೆದ ಫೋಟೊಗಳವು, ಒಂದೊಂದೂ ಸುಮಾರು 4 ಎಂಬಿ. ಅವನ್ನು ಹಾಗೆಯೇ ಹಾಕಿಬಿಟ್ಟಿದ್ದೆ. ಸುತ್ತ ಗುಡ್ಡ, ನಡುವೆ ಅಡಿಕೆ ತೋಟ. ಅಲ್ಲಿ ಸಿಗ್ನಲ್ ಸೆಕೆಂಡಿಗೆ 1 ಮೆಗಾಬಿಟ್‌ಗೆ ಇಳಿದರೆ ಲೆಕ್ಕ ಸುಲಭ. ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 4 ಎಂಬಿಗೆ 32 ಸೆಕೆಂಡು. ಅದೇ ಫೋಟೊವನ್ನು ಮೊಬೈಲ್ ಪರದೆಗೆ ಸಾಕಾಗುವಷ್ಟು ಚಿಕ್ಕದು ಮಾಡಿ 100 ಕೆಬಿಗೆ ಇಳಿಸಿದರೆ ಒಂದು ಸೆಕೆಂಡಿಗೂ ಕಡಿಮೆ ಸಾಕು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟನ್‌ಗೂ ಒಂದು ಬದಲಾವಣೆ ಮಾಡಿದೆ. ಒತ್ತಿದ ತಕ್ಷಣ ಅದರ ಬಣ್ಣ ಬದಲಾಗಿ ‘ಹಾಕುತ್ತಿದ್ದೇವೆ’ ಎಂದು ಬರುತ್ತದೆ, ಕೆಲಸ ಮುಗಿಯುವವರೆಗೆ ಎರಡನೇ ಒತ್ತು ಲೆಕ್ಕಕ್ಕಿಲ್ಲ. ಕೇಳಿತು ಎಂದು ಮೊದಲು ಹೇಳಬೇಕು, ಕೆಲಸ ಆಮೇಲೆ. ಅಂಗಡಿಯಲ್ಲಿ ಜನ ಜಾಸ್ತಿ ಇದ್ದಾಗ “ಬಂದೆ, ಒಂದು ನಿಮಿಷ” ಎಂದರೆ ನಾವು ನಿಲ್ಲುವುದಿಲ್ವಾ?

ಇನ್ನು ಬೆರಳಿನ ವಿಷಯ. ಎಂಟನ್ನು ಎರಡಕ್ಕೆ ಇಳಿಸಲು ಮಾಸ್ಟ್ರು ಮೈನಸ್ ಗುರುತನ್ನು ಒತ್ತಲು ಹೋದರು. ಅದರ ಪಕ್ಕದಲ್ಲೇ ಇದ್ದ ಪ್ಲಸ್ ತಾಗಿ ಒಂಬತ್ತಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ಸರಸರನೆ ಮುಟ್ಟಲು ಜನರಿಗೆ ಹೇಳಿ, ತಗಲುವ ಸಮಯವನ್ನು ಅಳೆದಿದ್ದರು. 1954ರಲ್ಲಿ ಪ್ರಕಟವಾದ ಆ ನಿಯಮ ಹೇಳುವುದಿಷ್ಟು: ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಮುಟ್ಟಲು ಹೆಚ್ಚು ಹೊತ್ತು ಬೇಕು. ಅವಸರ ಮಾಡಿದರೆ ತಪ್ಪು ಹೆಚ್ಚು. ಮೊಬೈಲ್‌ನಲ್ಲಿ ಬೆರಳೇ ಗುರಿಯನ್ನು ಮುಚ್ಚಿಬಿಡುವುದರಿಂದ ಕಷ್ಟ ಇನ್ನೂ ಜಾಸ್ತಿ. ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಆದರೂ ಇರಲಿ ಎಂದು ಆಂಡ್ರಾಯ್ಡ್‌ನವರು ಹೇಳುವುದು ಇದಕ್ಕೇ. ಅಕ್ಷರದ ಬಣ್ಣಕ್ಕೂ ಇಂಥದೇ ಅಳತೆ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ನಾನು ಹಾಕಿದ್ದ ತೆಳು ಬೂದು ಅಕ್ಷರ ಜಗಲಿಯ ಬೆಳಕಿಗೆ ಮಾಯವಾಗುತ್ತಿತ್ತು.

ಇಷ್ಟು ಯಾವ ಊರಿಗೂ ಹೇಳಬಹುದಾದ ಮಾತು. ನಮ್ಮ ಕಾಸರಗೋಡಿನದ್ದೇ ಆದ ವಿಷಯ ಇನ್ನೊಂದಿದೆ, ಅದನ್ನು ನಾನು ತುಂಬ ಯೋಚಿಸಿದ್ದೇನೆ.

ಮಾಸ್ಟ್ರು ಸೈಟ್ ತೆರೆದ ಕೂಡಲೇ ಬಂದದ್ದು ಮಲಯಾಳ ಪುಟ. ಇಂಟರ್‌ನೆಟ್ ವಿಳಾಸ ನೋಡಿ, ಗಿರಾಕಿ ಕೇರಳದಲ್ಲಿದ್ದರೆ ಮಲಯಾಳ ತೋರಿಸು ಎಂದು ನಾನೇ ಬರೆದಿದ್ದೆ. ಅವರು ಮಲಯಾಳ ಓದಬಲ್ಲರು, ಆದರೆ ನಿಧಾನ. ಹುಡುಕಿ ಹುಡುಕಿ ಕನ್ನಡಕ್ಕೆ ಬಂದರು. ಕೊನೆಯಲ್ಲಿ ವಿಳಾಸ ತುಂಬುವಾಗ ಇದರ ತಿರುಗುಮುರುಗು. ಕನ್ನಡ ಪುಟ ಅಲ್ವಾ ಅಂತ ರಾಜ್ಯದ ಜಾಗದಲ್ಲಿ ‘ಕರ್ನಾಟಕ’ ಮೊದಲೇ ಕೂತಿತ್ತು. ಊರು ನೋಡಿ ಭಾಷೆ ಊಹಿಸಿದ್ದು ಒಂದು ತಪ್ಪು, ಭಾಷೆ ನೋಡಿ ಊರು ಊಹಿಸಿದ್ದು ಇನ್ನೊಂದು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಗಡಿ ಗೆರೆ ಅದಕ್ಕೂ ಎಷ್ಟೋ ಮೊದಲಿನದ್ದು, 1956ರದ್ದು. ಆ ಗೆರೆ ಮನೆಯ ಮಾತನ್ನು ಬದಲಿಸಲಿಲ್ಲ. ಬದಿಯಡ್ಕದ ಪೇಟೆಯಲ್ಲಿ ಒಂದೇ ಅಂಗಡಿಗೆ ಕನ್ನಡದವರು, ತುಳುವರು, ಮಲಯಾಳದವರು, ಕೊಂಕಣಿಯವರು, ಬ್ಯಾರಿಗಳು, ಮರಾಠಿ ಮಾತಾಡುವವರು ಬರುತ್ತಾರೆ. ಅಂಗಡಿಯವರು ಊಹೆ ಮಾಡುವುದಿಲ್ಲ. ಬಂದವರು ಬಾಯಿ ತೆರೆಯುವವರೆಗೆ ಕಾದು, ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಾರೆ.

ವೆಬ್‌ಸೈಟ್‌ಗೂ ಹಾಗೆ ಕಾಯಲು ದಾರಿ ಇದೆ. ಬ್ರೌಸರ್ ಒಂದು ಪುಟ ಕೇಳುವಾಗ, ಅದರಲ್ಲಿ ಆರಿಸಿಟ್ಟ ಭಾಷೆಗಳ ಪಟ್ಟಿಯನ್ನೂ ಜೊತೆಗೆ ಕಳಿಸುತ್ತದೆ. ಊರಿಗಿಂತ ಆ ಪಟ್ಟಿಯನ್ನು ನಂಬುವುದು ಒಳ್ಳೆಯದು. ಆದರೆ ನಮ್ಮಲ್ಲಿ ಎಷ್ಟೋ ಜನರ ಮೊಬೈಲ್ ಅಂಗಡಿಯಿಂದ ತಂದ ದಿನದಿಂದಲೂ ಇಂಗ್ಲಿಷ್‌ನಲ್ಲೇ ಇರುತ್ತದೆ. ಹಾಗಾಗಿ ಪುಟದ ತಲೆಯಲ್ಲೇ ಭಾಷೆಗಳ ಹೆಸರು ಬೇಕು, ಆಯಾ ಲಿಪಿಯಲ್ಲೇ ಬೇಕು. ಕೋಡಿನಲ್ಲೂ ಕನ್ನಡ ಪುಟಕ್ಕೆ ‘ಕೆಎನ್’, ಮಲಯಾಳ ಪುಟಕ್ಕೆ ‘ಎಂಎಲ್’ ಎಂಬ ಗುರುತು ಹಾಕಬೇಕು. ಕಣ್ಣು ಕಾಣದವರ ಮೊಬೈಲ್ ಪುಟವನ್ನು ಗಟ್ಟಿಯಾಗಿ ಓದುವಾಗ, ಯಾವ ಭಾಷೆಯ ದನಿ ಬಳಸಬೇಕು ಅಂತ ಆ ಗುರುತು ನೋಡಿ ತಿಳಿದುಕೊಳ್ಳುತ್ತದೆ.

ಕನ್ನಡ ಲಿಪಿಗೆ ಇನ್ನೂ ಒಂದು ಎಚ್ಚರ ಬೇಕು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು, ಹೊರಗೆ ಹೋದದ್ದನ್ನು ಕತ್ತರಿಸಲು ಹೇಳಿದ್ದರೆ ಒತ್ತು ಹಾರಿಹೋಗುತ್ತದೆ. ಅತ್ತಿಗೆಯ ಸೈಟಿನಲ್ಲಿ ‘ಹಪ್ಪಳ’ ಕೆಲವು ಮೊಬೈಲ್‌ಗಳಲ್ಲಿ ‘ಹಪಳ’ ಆಗಿತ್ತು, ‘ಕಟ್ಟು’ ‘ಕಟು’ ಆಗಿತ್ತು. ಸಾಲಿನ ನಡುವೆ ಸ್ವಲ್ಪ ಜಾಗ ಬಿಟ್ಟದ್ದೇ ಸರಿಯಾಯಿತು. ಕನ್ನಡ ಓದುವವರಿಗೆ ಕನ್ನಡ ಸರಿಯಾಗಿ ಕಾಣಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಲು ನಾನು ತಯಾರಿಲ್ಲ.

ವಿಳಾಸದ ಫಾರಂ ಪೂರ್ತಿ ಹೊಸದು ಮಾಡಿದೆ. ಮೊದಲು ಅದು ಫ್ಲ್ಯಾಟ್ ನಂಬರ್ ಕೇಳುತ್ತಿತ್ತು, ಬೀದಿಯ ಹೆಸರು ಕೇಳುತ್ತಿತ್ತು. ತೋಟದ ನಡುವಿನ ಮನೆಗೆ ಎಲ್ಲಿಯ ಬೀದಿ? ನಮ್ಮ ವಿಳಾಸ ಅಂದರೆ ಮನೆ ಹೆಸರು, ಗ್ರಾಮ, ಅಂಚೆ, ವಯಾ. ಈಗ ಫಾರಂ ಅದನ್ನೇ ಕೇಳುತ್ತದೆ. 1972ರಲ್ಲಿ ಬಂದ ಆರು ಅಂಕಿಯ ಪಿನ್ ಕೋಡ್ ಇಲ್ಲಿ ನಿಜವಾದ ಸಹಾಯ ಮಾಡುತ್ತದೆ. ಪಿನ್ 671ರಿಂದ ಶುರುವಾದರೆ ಕಾಸರಗೋಡು ಜಿಲ್ಲೆ. ಮೊದಲು ಪಿನ್ ಕೇಳಿದರೆ ಜಿಲ್ಲೆ, ರಾಜ್ಯ ತಾವೇ ಬಂದು ಕೂರುತ್ತವೆ, ಯಾರೂ ಊಹೆ ಮಾಡಬೇಕಾಗಿಲ್ಲ.

ಈ ತಪ್ಪುಗಳಲ್ಲಿ ಒಂದನ್ನೂ ನಾನು ನನ್ನ ಮೇಜಿನ ಮುಂದೆ ಕೂತು ಕಂಡುಕೊಂಡದ್ದಲ್ಲ. ಗಿರಾಕಿಯ ಪಕ್ಕ ಕೂತು, ಬಾಯಿ ಮುಚ್ಚಿಕೊಂಡು ನೋಡಿದ್ದರಿಂದ ಸಿಕ್ಕಿದವು. “ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳ್ತಾ ಇರಿ ಮಾಸ್ಟ್ರೇ” ಎಂದು ಕೇಳಿಕೊಂಡಿದ್ದೆ, ಅಷ್ಟೇ. ಐಬಿಎಂನ ಕ್ಲೇಟನ್ ಲೂಯಿಸ್ 1982ರಲ್ಲಿ ಕಂಪ್ಯೂಟರ್ ಪರೀಕ್ಷೆಗೆ ತಂದ ಉಪಾಯ ಇದು. ನಡುವೆ ಬಾಯಿ ಹಾಕದೆ ಇರುವುದು ತುಂಬ ಕಷ್ಟ. ಅವರು ತಪ್ಪು ಜಾಗ ಒತ್ತಲು ಹೊರಟಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಆಗ ಹೇಳಿಕೊಟ್ಟರೆ, ಮುಂದೆ ಒಬ್ಬರೇ ಕೂತು ಒತ್ತುವ ಗಿರಾಕಿಗೆ ಹೇಳಿಕೊಡುವವರು ಯಾರು?

ಇದಕ್ಕೆ ನೂರಾರು ಜನ ಬೇಕಾಗಿಲ್ಲ. ನೀಲ್ಸನ್ ಮತ್ತು ಥಾಮಸ್ ಲಾಂಡವರ್ 1993ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಒಬ್ಬರ ಪಕ್ಕ ಕೂತರೆ ಸರಾಸರಿ 31% ತೊಡಕುಗಳು ಕಾಣುತ್ತವೆ. ಎರಡನೆಯವರು ಅವುಗಳಲ್ಲಿ ಕೆಲವನ್ನೇ ಮತ್ತೆ ತೋರಿಸುತ್ತಾರೆ, ಕೆಲವು ಹೊಸದು ಸಿಗುತ್ತವೆ. ಐದು ಜನ ಆಗುವಾಗ ಸುಮಾರು 85% ಸಿಕ್ಕಿರುತ್ತದೆ. ಒಂದೇ ಸಲ ಹದಿನೈದು ಜನರನ್ನು ಕೂರಿಸುವುದಕ್ಕಿಂತ, ಐದು ಜನರನ್ನು ನೋಡಿ, ತಿದ್ದಿ, ಮತ್ತೆ ಐದು ಜನರನ್ನು ನೋಡುವುದು ಮೇಲು. ಆದರೆ ಬೇರೆ ಬೇರೆ ಬಗೆಯ ಗಿರಾಕಿಗಳಿದ್ದರೆ ಪ್ರತಿ ಬಗೆಗೂ ಬೇರೆಯೇ ಜನ ಬೇಕು.

ಮಾಸ್ಟ್ರು ಕಳೆದ ತಿಂಗಳು ತಮ್ಮ ಮನೆಯಿಂದಲೇ, ಯಾರನ್ನೂ ಕೇಳದೆ, ಎರಡು ಕಟ್ಟು ತರಿಸಿಕೊಂಡರು. ಕನ್ನಡ ಪುಟವನ್ನು ಐದು ಜನ ನೋಡಿ ಆಯಿತು. ಮಲಯಾಳ ಪುಟವನ್ನು ಇನ್ನೂ ಯಾರೂ ನೋಡಿಲ್ಲ. ಅತ್ತಿಗೆಯ ಜೊತೆ ಹಪ್ಪಳ ಒತ್ತಲು ಬರುವ ಇಬ್ಬರು ಮಲಯಾಳದವರು ಭಾನುವಾರ ಜಗಲಿಯಲ್ಲಿ ಕೂರುತ್ತೇವೆ ಎಂದಿದ್ದಾರೆ. ಇನ್ನು ಮೂವರನ್ನು ಹುಡುಕಬೇಕು.