ಕರೆಂಟು ಹೋಗಿ ಇನ್ವರ್ಟರ್ ಬರುವ ನಡುವೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. ಕರೆಂಟು ಹೋಗುತ್ತದೆ, ಯುಪಿಎಸ್ ಒಳಗಿನ ರಿಲೇ ಟಿಕ್ ಅನ್ನುತ್ತದೆ, ಮಾನಿಟರ್ ಮಿಣುಕುವುದೂ ಇಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. ಬೈಗುಳವೆಲ್ಲ ಯುಪಿಎಸ್ಸಿಗೆ. ಮೊದಲು ಅದರ ಬ್ಯಾಟರಿ ಬದಲಾಗುತ್ತದೆ, ಆಮೇಲೆ ಯುಪಿಎಸ್ಸೇ ಬದಲಾಗುತ್ತದೆ, ರೀಸ್ಟಾರ್ಟ್ ಮಾತ್ರ ನಿಲ್ಲುವುದಿಲ್ಲ. ವಿದ್ಯುತ್ ಉಪಕರಣ ಆಗ್ನೇಯದಲ್ಲಿರಬೇಕೆಂದು ಟೇಬಲ್ಲನ್ನೇ ಆ ಮೂಲೆಗೆ ಎಳೆದವರೂ ಇದ್ದಾರೆ. ಆಗ್ನೇಯದ ಪ್ಲಗ್ಗಿನಲ್ಲೂ ಬರುವುದು ಅದೇ 230 ವೋಲ್ಟ್.

ತಪ್ಪು ಬಹುಪಾಲು ಸಲ ಕ್ಯಾಬಿನೆಟ್ಟಿನ ಒಳಗಿರುವ ತಗಡಿನ ಡಬ್ಬಿಯದು, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಎಸ್‌ಎಂಪಿಎಸ್ಸಿನದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು, ಬಣ್ಣಬಣ್ಣದ ಫ್ಯಾನುಗಳೆಲ್ಲ ಆದಮೇಲೆ ಜೇಬಿನಲ್ಲಿ ಉಳಿದ ದುಡ್ಡಿಗೆ ಕೊಳ್ಳುವ ಸಾಮಾನು ಅದು. ಕೊಳ್ಳುವಾಗ ಕೇಳುವ ಪ್ರಶ್ನೆಯೂ ಒಂದೇ: ಎಷ್ಟು ವ್ಯಾಟ್? ನಮ್ಮೂರುಗಳಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಗೋಡೆಯ ಕರೆಂಟು ನಿಂತ ಮೇಲೆ ಈ ಡಬ್ಬಿ ಎಷ್ಟು ಮಿಲಿಸೆಕೆಂಡು ಉಸಿರು ಹಿಡಿದು ನಿಲ್ಲುತ್ತದೆ?

ಇದು ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬರುವ ಮೂರು ವರ್ಷ ಮೊದಲು. ಸುಮಾರು 147 ಕಿಲೋಮೀಟರ್ ತಂತಿ. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು ಬಹಳ ಏರಿಸಿ ಕೊನೆಯಲ್ಲಿ ಇಳಿಸಬೇಕು. ಆ ಕಾಲಕ್ಕೆ ಅದಕ್ಕಿದ್ದ ಸುಲಭ ದಾರಿ ಟ್ರಾನ್ಸ್‌ಫಾರ್ಮರ್, ಟ್ರಾನ್ಸ್‌ಫಾರ್ಮರಿಗೆ ಎಸಿಯೇ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟೇ ಬೇಕು. ಹಾಗಾಗಿ ಗಣಿಗೂ ಎಸಿ, ಇವತ್ತು ನಮ್ಮ ಮನೆಗೂ ಎಸಿ. ಎಸಿಯ ಗುಣವೇನೆಂದರೆ 50 ಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಏಳುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು ಅಲುಗಾಡದ 12 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು. ಅಂದರೆ ಕರೆಂಟು ಸರಿಯಾಗಿ ಬರುತ್ತಿರುವಾಗಲೂ ಪ್ರತಿ 10 ಮಿಲಿಸೆಕೆಂಡಿಗೊಂದು ಹಳ್ಳ ಬೀಳುತ್ತಿರುತ್ತದೆ, ಅದನ್ನು ಯಾರಾದರೂ ತುಂಬಬೇಕು. ತುಂಬುವುದು ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಕೂಡಿಡುವ ದಪ್ಪ ಕ್ಯಾಪಾಸಿಟರ್, ಹೆಬ್ಬೆರಳಿಗಿಂತ ದಪ್ಪನೆಯ ಕಪ್ಪು ಸಿಲಿಂಡರು. ಕರೆಂಟು ಪೂರ್ತಿ ಹೋದಾಗ ಇನ್ವರ್ಟರ್ ಬರುವ ತನಕ ಕಂಪ್ಯೂಟರನ್ನು ಹೊತ್ತು ನಿಲ್ಲಿಸುವುದೂ ಅದೇ.

ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ ಅದು. ಟ್ಯಾಂಕಿನ ಅಗಲವೇ ಮೈಕ್ರೋಫ್ಯಾರಡ್, ನೀರಿನ ಮಟ್ಟವೇ ವೋಲ್ಟೇಜು. ಆದರೆ ಈ ಟ್ಯಾಂಕಿನ ಕೊಳಾಯಿ ತಳದಲ್ಲಿಲ್ಲ, ತುಂಬ ಮೇಲಿದೆ. ಮಟ್ಟ ಸುಮಾರು 300 ವೋಲ್ಟಿಗಿಂತ ಕೆಳಗಿಳಿದರೆ ಮುಂದಿನ ಸರ್ಕ್ಯೂಟಿಗೆ 12 ವೋಲ್ಟ್ ಕೊಡಲು ಆಗುವುದಿಲ್ಲ. ಒಳಗೆ ಎಷ್ಟೇ ಉಳಿದಿದ್ದರೂ ಅದು ಸತ್ತ ದಾಸ್ತಾನು.

ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಎಸ್‌ಎಂಪಿಎಸ್ಸಿನಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟು ಗೋಡೆಯ ಕರೆಂಟನ್ನು ಸುಮಾರು 390 ವೋಲ್ಟ್ ಡಿಸಿಗೆ ಏರಿಸಿ ಕ್ಯಾಪಾಸಿಟರಿಗೆ ತುಂಬುತ್ತದೆ. ಕ್ಯಾಪಾಸಿಟರ್ 470 ಮೈಕ್ರೋಫ್ಯಾರಡ್ ಇದ್ದರೆ ಒಳಗಿರುವ ಶಕ್ತಿ 36 ಜೌಲ್. 300 ವೋಲ್ಟಿಗೆ ಇಳಿದಾಗ 21 ಜೌಲ್ ಉಳಿದಿರುತ್ತದೆ, ಆದ್ದರಿಂದ ಬಳಕೆಗೆ ಸಿಗುವುದು 14.5 ಜೌಲ್ ಮಾತ್ರ. ಆಟ ನಡೆಯುತ್ತಾ ಕಂಪ್ಯೂಟರ್ 400 ವ್ಯಾಟ್ ಎಳೆಯುತ್ತಿದ್ದರೆ, ಶೇ 10 ಒಳಗೇ ಬಿಸಿಯಾಗಿ ಹೋಗುತ್ತದೆ ಅಂದುಕೊಂಡರೂ, 33 ಮಿಲಿಸೆಕೆಂಡು ನಿಲ್ಲುತ್ತದೆ. 600 ವ್ಯಾಟ್ ಎಳೆದರೆ 22. ತಯಾರಕ ದುಡ್ಡು ಉಳಿಸಲು 220 ಮೈಕ್ರೋಫ್ಯಾರಡ್ ಹಾಕಿದ್ದರೆ 600 ವ್ಯಾಟಿಗೆ ಸಿಗುವುದು ಬರೀ 10 ಮಿಲಿಸೆಕೆಂಡು.

ಈಗ ಇನ್ನೊಂದು ಬದಿ. ಸಾಮಾನ್ಯ ಆಫ್‌ಲೈನ್ ಯುಪಿಎಸ್ ಬ್ಯಾಟರಿಗೆ ಬದಲಾಗಲು 4ರಿಂದ 10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ಚು ಇರುತ್ತದೆ, ಸಾಮಾನ್ಯವಾಗಿ ಹಿಂಬದಿಯಲ್ಲಿ. ಅದು ಹಾಕಿದ್ದರೆ 10–15 ಮಿಲಿಸೆಕೆಂಡು, ನಾರ್ಮಲ್ ಅಥವಾ ಇಕೋ ಮೋಡಿನಲ್ಲಿದ್ದರೆ 40 ಅಥವಾ ಅದಕ್ಕೂ ಹೆಚ್ಚು. 40 ಮಿಲಿಸೆಕೆಂಡಿನ ಹಳ್ಳವನ್ನು ಯಾವ ಎಸ್‌ಎಂಪಿಎಸ್ಸೂ ಭರ್ತಿ ಹೊರೆಯಲ್ಲಿ ದಾಟುವುದಿಲ್ಲ. ಹಾಗಾಗಿ ಮೊದಲು ಆ ಸ್ವಿಚ್ಚು ನೋಡಿ, ಖರ್ಚಿಲ್ಲದ ರಿಪೇರಿ ಅದು. ಯುಪಿಎಸ್ಸಿನ ಮೇಲೆ 600 ವಿಎ ಎಂದು ಬರೆದಿದ್ದರೆ ಅದು ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. 400 ವ್ಯಾಟಿನ ಕಂಪ್ಯೂಟರ್ ಅದಕ್ಕೆ ಹಾಕಿದರೆ ಓವರ್‌ಲೋಡ್ ಎಂದು ಕಿರುಚಿ ಕೈಬಿಡುತ್ತದೆ. ಆಗ ತಪ್ಪು ನಿಜವಾಗಿಯೂ ಯುಪಿಎಸ್ ಕಡೆಯದೇ.

ಸಂಜೆಯ ಲೋ ವೋಲ್ಟೇಜಿನ ಕಥೆ ಇದಕ್ಕಿಂತ ಸ್ವಾರಸ್ಯ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ, ಆದರೂ ಪಕ್ಕದ ಹಳ್ಳಿಯ ಬಲ್ಬು ಮಂಕಾಗುವುದು ಮೋಟಾರುಗಳು ಒಟ್ಟಿಗೆ ಓಡಿದಾಗ. ತೊಂದರೆ ಉತ್ಪಾದನೆಯದಲ್ಲ, ಕೊನೆಯ ಒಂದೆರಡು ಕಿಲೋಮೀಟರ್ ತಂತಿಯದು. ವೋಲ್ಟೇಜು 190ಕ್ಕೆ ಇಳಿದಿದೆ ಅನ್ನಿ. ಪಿಎಫ್‌ಸಿ ಇರುವ ಎಸ್‌ಎಂಪಿಎಸ್ 190ರಿಂದಲೂ 390ಕ್ಕೇ ಏರಿಸುತ್ತದೆ, ದಾಸ್ತಾನು ಅದೇ 36 ಜೌಲ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿಯಲ್ಲಿ ಪಿಎಫ್‌ಸಿ ಇರುವುದಿಲ್ಲ. ಬಂದ ಕರೆಂಟಿನ ಶಿಖರ ಎಷ್ಟೋ ಕ್ಯಾಪಾಸಿಟರ್ ಅಷ್ಟಕ್ಕೇ ತುಂಬುತ್ತದೆ: 230 ಇದ್ದಾಗ 325 ವೋಲ್ಟ್, 190 ಇದ್ದಾಗ 269. ಸಾಮಾನ್ಯವಾಗಿ ಅಂಥದರಲ್ಲಿ 330 ಮೈಕ್ರೋಫ್ಯಾರಡಿನ ಎರಡು ಸರಣಿಯಲ್ಲಿರುತ್ತವೆ, ಸೇರಿ 165. ಇಂಥ ಡಬ್ಬಿಯ ಕೊಳಾಯಿ 300 ವೋಲ್ಟಿಗಿಂತ ಕೆಳಗಿರುತ್ತದೆ ನಿಜ, ಆದರೆ 190ರಲ್ಲಿ ಒಟ್ಟು ದಾಸ್ತಾನೇ 6 ಜೌಲ್, ಅದರಲ್ಲೂ ಬಳಕೆಗೆ ಬರುವುದು ಚೂರುಪಾರು. ಅಂಥ ಡಬ್ಬಿಗೆ ಸಂಜೆ ಏಳು ಗಂಟೆಗೆ ಕರೆಂಟು ಹೋಗಬೇಕಾಗಿಲ್ಲ, ಪಕ್ಕದ ಮನೆಯ ಮೋಟಾರ್ ಆನ್ ಆದರೂ ಸಾಕು.

ಗುರುತು ಹಿಡಿಯುವುದು ಸುಲಭ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ಚು ಇದ್ದರೆ ಆ್ಯಕ್ಟಿವ್ ಪಿಎಫ್‌ಸಿ ಇಲ್ಲ, ವಾಪಸ್ ಕೊಡಿ. ಲೇಬಲ್ಲಿನಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಒಳ್ಳೆಯದು. 200–240 ಎಂದು ಮಾತ್ರ ಬರೆದ ಮಾದರಿಗಳಲ್ಲೂ ಪಿಎಫ್‌ಸಿ ಇರುವಂಥವು ಇವೆ, ಆದರೆ ಲೋ ವೋಲ್ಟೇಜಿನ ಊರಿಗೆ ಅವು ಬೇಡ.

ಲೇಬಲ್ ಓದುವಾಗ ದೊಡ್ಡ ಅಕ್ಷರದ ವ್ಯಾಟ್ ಬಿಟ್ಟು 12 ವೋಲ್ಟ್ ಕಾಲಂಗೆ ಕಣ್ಣು ಹಾಯಿಸಿ. ನಿಜವಾದ 550 ವ್ಯಾಟಿನದರಲ್ಲಿ ಅಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, 12ರಿಂದ ಗುಣಿಸಿದರೆ 540. ಅಗ್ಗದ 450 ವ್ಯಾಟ್ ಡಬ್ಬಿಯಲ್ಲಿ 18 ಆಂಪಿಯರ್ ಇದ್ದರೆ 216 ವ್ಯಾಟ್ ಅಷ್ಟೇ. ಉಳಿದದ್ದು 3.3 ಮತ್ತು 5 ವೋಲ್ಟಿನದು, ಇವತ್ತಿನ ಕಂಪ್ಯೂಟರಿಗೆ ಅದರಲ್ಲಿ ಹೆಚ್ಚಿನ ಕೆಲಸವಿಲ್ಲ.

ಎಷ್ಟು ವ್ಯಾಟ್ ಬೇಕು ಅನ್ನುವುದು ಕಷ್ಟದ ಲೆಕ್ಕವೇನಲ್ಲ. ಆರ್‌ಟಿಎಕ್ಸ್ 4060 ಕಾರ್ಡಿಗೆ 115, ರೈಜೆನ್ 5 7600 ಪ್ರೊಸೆಸರಿಗೆ ಹೆಚ್ಚೆಂದರೆ 88, ಮದರ್‌ಬೋರ್ಡು, ಫ್ಯಾನು, ಡಿಸ್ಕು ಸೇರಿ 70: ಒಟ್ಟು 273. ಇದಕ್ಕೆ 550 ವ್ಯಾಟ್ ಧಾರಾಳ. ಆರ್‌ಟಿಎಕ್ಸ್ 5070 ಆದರೆ ಕಾರ್ಡೊಂದೇ 250, ಆಗ 650 ಅಥವಾ 750. ಎರಡರಷ್ಟು ಯಾಕೆ ಅಂದರೆ, ಗ್ರಾಫಿಕ್ಸ್ ಕಾರ್ಡು ಮೈಕ್ರೋಸೆಕೆಂಡುಗಳ ಮಟ್ಟಿಗೆ ತನ್ನ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುತ್ತದೆ. ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ 2022ರ ಎಟಿಎಕ್ಸ್ 3.0 ನಿಯಮ ಬಂದದ್ದೇ ಅದಕ್ಕೆ: 100 ಮೈಕ್ರೋಸೆಕೆಂಡು ಎರಡುಪಟ್ಟು ಹೊರೆ ಬಂದರೂ ಡಬ್ಬಿ ಬಂದ್ ಆಗಬಾರದು. ಆದರೆ ಹೊಸದೆಲ್ಲ ಒಳ್ಳೆಯದೇ ಅಂದುಕೊಳ್ಳಬೇಡಿ. ನಂತರದ 3.1ರಲ್ಲಿ ಕರೆಂಟು ಹೋದಮೇಲೆ ಪೂರ್ಣ ಹೊರೆಯಲ್ಲಿ ನಿಲ್ಲಬೇಕಾದ ಅವಧಿಯನ್ನು 17ರಿಂದ 12 ಮಿಲಿಸೆಕೆಂಡಿಗೆ ಇಳಿಸಿದರು. ಕರೆಂಟೇ ಹೋಗದ ಊರಿಗೆ ಅದು ನಡೆಯುತ್ತದೆ. ನಮಗಾದರೆ ಒಂದು ಅಳತೆ ಮೇಲಿನದನ್ನು ಕೊಂಡು ಅರ್ಧ ಹೊರೆಯಲ್ಲಿ ಓಡಿಸುವುದೇ ಉಪಾಯ.

ಹಾಗೆ ದೊಡ್ಡದು ಕೊಂಡರೆ ಬಿಲ್ಲು ಜಾಸ್ತಿ ಬರುತ್ತದೆ ಅನ್ನುವುದು ಶುದ್ಧ ತಪ್ಪು ತಿಳಿವಳಿಕೆ. 750 ವ್ಯಾಟ್ ಅನ್ನುವುದು ಕೊಡಬಲ್ಲ ಮಿತಿ, ಸದಾ ಎಳೆಯುವ ಪ್ರಮಾಣವಲ್ಲ. ಬಿಲ್ಲು ಏರಿಸುವುದು ಕಡಿಮೆ ದಕ್ಷತೆ. 300 ವ್ಯಾಟ್ ಹೊರೆಗೆ ಶೇ 90 ದಕ್ಷತೆಯದು ಗೋಡೆಯಿಂದ 333 ಎಳೆದರೆ ಶೇ 75ರದ್ದು 400 ಎಳೆಯುತ್ತದೆ. ದಿನಕ್ಕೆ ಐದು ಗಂಟೆ ಆಡಿದರೆ ತಿಂಗಳಿಗೆ 10 ಯೂನಿಟ್ ವ್ಯತ್ಯಾಸ. ಆದರೆ 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಚೀಟಿ ಹೇಳುವುದು ಮುಖ್ಯವಾಗಿ ದಕ್ಷತೆಯನ್ನು. ಎಷ್ಟು ಹೊತ್ತು ನಿಲ್ಲುತ್ತದೆ, ಶಾರ್ಟ್ ಆದಾಗ ಬಂದ್ ಆಗುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಸೈಬೆನೆಟಿಕ್ಸ್ ಪ್ರಯೋಗಾಲಯದ ವರದಿಗಳನ್ನು ನೋಡಬೇಕು. ಮಾದರಿಯ ಹೆಸರು ಹಾಕಿದರೆ ಮಿಲಿಸೆಕೆಂಡು ಸಮೇತ ಸಿಗುತ್ತದೆ. ಹೆಸರು ಪೂರ್ತಿ ಹಾಕಿ, ಏಕೆಂದರೆ ಒಂದೇ ಬ್ರ್ಯಾಂಡಿನ ಎರಡು ಮಾದರಿಗಳನ್ನು ಎರಡು ಬೇರೆ ಕಾರ್ಖಾನೆಗಳು ಮಾಡಿರುವುದು ಮಾಮೂಲು.

ಕ್ಯಾಪಾಸಿಟರಿಗೆ ಶತ್ರು ಶಾಖ. ಒಳಗಿನ ದ್ರವ ನಿಧಾನಕ್ಕೆ ಆರುತ್ತದೆ, 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ. 105 ಡಿಗ್ರಿಗೆ 2,000 ಗಂಟೆ ಎಂದು ಬರೆದದ್ದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. 85 ಡಿಗ್ರಿಗೆ 2,000 ಗಂಟೆ ಎಂದಿರುವ ಅಗ್ಗದ್ದು ಅದೇ 65ರಲ್ಲಿ 8,000 ಮಾತ್ರ, ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ ನಾಲ್ಕು ವರ್ಷ ಚಿಲ್ಲರೆ. ಚಿಕ್ಕಬಳ್ಳಾಪುರದ ಕ್ರಷರುಗಳ ಧೂಳು ಫ್ಯಾನಿನ ಜಾಲರಿಗೆ ಮೆತ್ತಿಕೊಂಡರೆ ಇನ್ನೂ ಬೇಗ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಫ್ಯಾನನ್ನು ಕಡ್ಡಿಯಿಂದ ತಡೆದು ಹಿಡಿದುಕೊಂಡು. ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು. ಆಯುಧಪೂಜೆಗೆ ಕ್ಯಾಬಿನೆಟ್ಟಿಗೆ ಕುಂಕುಮ ಇಡುವುದರಿಂದ ಏನೂ ಆಗುವುದಿಲ್ಲ, ಮೇಲುಗಡೆಯ ಫ್ಯಾನಿನ ಮೇಲೆ ತೀರ್ಥ ಚಿಮುಕಿಸಿದರೆ ಆಗುತ್ತದೆ.

ರಿಪೇರಿ ಅಂಗಡಿಯ ಒಂದು ಆಚಾರವನ್ನೂ ಹೇಳಲೇಬೇಕು. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಜಂಪರ್ ಹಾಕುತ್ತಾರೆ, ಫ್ಯಾನು ತಿರುಗುತ್ತದೆ, ‘ಎಸ್‌ಎಂಪಿಎಸ್ ಸರಿ ಇದೆ ಸಾರ್’ ಅನ್ನುತ್ತಾರೆ. ಹೊರೆಯೇ ಇಲ್ಲದ ಪರೀಕ್ಷೆ ಅದು. ಪೂರ್ತಿ ಸತ್ತಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಬೂದು ಬಣ್ಣದ ಇನ್ನೊಂದು ತಂತಿ ಇದೆ, ಪವರ್ ಗುಡ್. ವೋಲ್ಟೇಜು ಇನ್ನೇನು ಬೀಳುತ್ತದೆ ಅನ್ನುವಾಗ ಕನಿಷ್ಠ 1 ಮಿಲಿಸೆಕೆಂಡು ಮೊದಲೇ ಅದು ಮದರ್‌ಬೋರ್ಡಿಗೆ ಎಚ್ಚರಿಕೆ ಕೊಡಬೇಕು. ತೀರಾ ಅಗ್ಗದವುಗಳಲ್ಲಿ ಆ ತಂತಿಯನ್ನು ಸುಮ್ಮನೆ 5 ವೋಲ್ಟಿಗೆ ಕಟ್ಟಿಬಿಟ್ಟಿರುವುದುಂಟು. ಆಗ ಎಚ್ಚರಿಕೆಯೂ ಇಲ್ಲ, ಡಿಸ್ಕಿಗೆ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ.

ಎಸ್‌ಎಂಪಿಎಸ್ ಎಷ್ಟೇ ಒಳ್ಳೆಯದಿದ್ದರೂ ಮನೆಯ ವೈರಿಂಗ್ ಮಾಡಬೇಕಾದ ಕೆಲಸ ಎರಡಿವೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ ಕಿತ್ತುಹೋದರೆ ಕಡಿಮೆ ಹೊರೆಯಿರುವ ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಅದರ ಶಿಖರ 565 ವೋಲ್ಟ್, ಕ್ಯಾಪಾಸಿಟರಿನ ಮಿತಿ 420 ಅಥವಾ 450. ಇದಕ್ಕೆ ಡಿಬಿ ಬಾಕ್ಸಿನಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ 270ಕ್ಕೆ ಕಟ್ ಆಗುವಂತೆ ಇಡಿಸಬೇಕು. ಎರಡನೆಯದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುವುದನ್ನು ಎಸ್‌ಎಂಪಿಎಸ್ ಲೀಕ್ ಎಂದು ಬದಲಾಯಿಸುತ್ತಾರೆ, ಹೊಸದೂ ಜುಮ್ ಅನ್ನುತ್ತದೆ. ಒಳಗೆ ಫೇಸಿನಿಂದ ಮತ್ತು ನ್ಯೂಟ್ರಲಿನಿಂದ ತಗಡಿಗೆ ಎರಡು ಪುಟ್ಟ ಫಿಲ್ಟರ್ ಕ್ಯಾಪಾಸಿಟರುಗಳಿರುತ್ತವೆ. ಅರ್ಥ್ ಸಿಗದಿದ್ದರೆ ತಗಡು ಎರಡರ ನಡುವೆ 115 ವೋಲ್ಟಿನಲ್ಲಿ ತೂಗಾಡುತ್ತದೆ. ಹರಿಯುವುದು ಮಿಲಿಆಂಪಿಯರಿನ ಒಂದು ಭಾಗ ಮಾತ್ರ, ಆದರೆ ಅರ್ಥ್ ಇಲ್ಲ ಅನ್ನುವುದಕ್ಕೆ ಸಾಕ್ಷಿ. ಕೋಲಾರದ ಒಣ ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ಥ್ ಗುಂಡಿ ಆರಿ ಹೋಗುತ್ತದೆ. ವಾರಕ್ಕೆರಡು ಬಿಂದಿಗೆ ನೀರು ಹೊಯ್ದು ನೋಡಿ, ಆಗಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ತಂತಿ ಪ್ಲಗ್ಗಿನವರೆಗೆ ಬಂದಿದೆಯೇ ನೋಡಿಸಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ.

ಹೊಸ ಎಸ್‌ಎಂಪಿಎಸ್ ಹಾಕಿದ ದಿನವೇ ಪರೀಕ್ಷೆ ಮಾಡಿ. ಕೆಲಸವೆಲ್ಲ ಸೇವ್ ಮಾಡಿ, ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಎಚ್‌ಡಬ್ಲ್ಯುಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ 12 ವೋಲ್ಟ್ ರೀಡಿಂಗ್ 11.4ರಿಂದ 12.6ರ ಒಳಗಿದೆಯೇ ನೋಡಿ, ಆಟ ನಡೆಯುತ್ತಿರುವಾಗಲೇ ಮೇನ್ ಸ್ವಿಚ್ಚು ಇಳಿಸಿ. ಹತ್ತು ನಿಮಿಷ ಬಿಟ್ಟು ಇನ್ನೆರಡು ಸಲ. ರೀಸ್ಟಾರ್ಟ್ ಆದರೆ ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂದು ದಾಖಲಾಗಿರುತ್ತದೆ. ಅದೇ ಆಟ ಮೇನ್ ಕರೆಂಟಿನಲ್ಲಿ ಗಂಟೆಗಟ್ಟಲೆ ಓಡಿ, ಬದಲಾಗುವಾಗ ಮಾತ್ರ ಬಿದ್ದರೆ ಇನ್ವರ್ಟರ್ ಮೋಡು ಮತ್ತು ಯುಪಿಎಸ್ಸಿನ ವ್ಯಾಟ್ ನೋಡಿ, ಅವೆರಡೂ ಸರಿ ಇದ್ದರೆ ಡಬ್ಬಿಯನ್ನು ವಾರಂಟಿಗೆ ಕೊಡಿ. ವಾಪಸ್ ಕೊಡುವಾಗ ಮಾಡ್ಯುಲರ್, ಅಂದರೆ ಡಬ್ಬಿಯಿಂದ ಕಳಚಬಹುದಾದ ಕೇಬಲ್ಲುಗಳನ್ನೂ ಬಿಚ್ಚಿ ಜೊತೆಗೇ ಕಳಿಸಿ. ಬೇರೆ ಮಾದರಿಯ ಕೇಬಲ್ ನೋಡಲು ಒಂದೇ ಥರ ಇದ್ದು ಸಲೀಸಾಗಿ ಕೂತರೂ ಡಬ್ಬಿಯ ಕಡೆಯ ಪಿನ್ನುಗಳ ಕ್ರಮ ಬೇರೆ ಇರಬಹುದು, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಎಸ್‌ಎಸ್‌ಡಿ ಆ ಕ್ಷಣವೇ ಸುಡಬಹುದು.